ಕೇಕಿನೊಳಗೆ ಸಕ್ಕರೆಯ ಮೂರು ಕೆಲಸ

ಮನೆಯಲ್ಲಿ ಕೇಕು ಮಾಡುವವರು ಆರೋಗ್ಯದ ಯೋಚನೆ ಬಂದ ಕೂಡಲೇ ಕೈಹಾಕುವುದು ಸಕ್ಕರೆಗೆ. ಅರ್ಧ ತೆಗೆದರೆ ಸಿಹಿ ಅರ್ಧವಾಗುತ್ತದೆ, ಮತ್ತೇನು ಎಂಬ ಲೆಕ್ಕ. ಓವನ್ ತೆರೆದರೆ ಕೇಕು ತಗ್ಗಿ ಕೂತಿರುತ್ತದೆ, ಕತ್ತರಿಸಿದರೆ ಬಿರುಸು, ಮರುದಿನ ಚಹಾದಲ್ಲಿ ಅದ್ದದೆ ಗಂಟಲಿಳಿಯುವುದಿಲ್ಲ. ಮಕ್ಕಳು ಬೇಕರಿಯ ದಾರಿ ಹಿಡಿಯುತ್ತಾರೆ. ಏಕೆಂದರೆ ಕೇಕಿನಲ್ಲಿ ಸಕ್ಕರೆ ಸಿಹಿ ಕೊಟ್ಟು ಸುಮ್ಮನಿರುವುದಿಲ್ಲ. ಇನ್ನೂ ಎರಡು ಕೆಲಸ ಮಾಡುತ್ತದೆ. ಆ ಎರಡನ್ನು ಬೇರೆ ಯಾರಿಗಾದರೂ ವಹಿಸದೆ ಸಕ್ಕರೆಯನ್ನು ಹೊರಗೆ ಕಳಿಸಲು ಆಗುವುದಿಲ್ಲ.

ಒಂದು, ನೀರನ್ನು ಹಿಡಿದಿಡುವುದು. ಸಕ್ಕರೆಯ ಅಣು ನೀರನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ಗೋಧಿಯ ಪ್ರೋಟೀನುಗಳಿಗೆ ನೀರು ಸಾಲದೆ ಗ್ಲೂಟೆನ್ ಎಂಬ ಅಂಟಿನ ಜಾಲ ಪೂರ್ತಿ ಹೆಣೆದುಕೊಳ್ಳುವುದಿಲ್ಲ, ಕೇಕು ಮೆತ್ತಗಿರುತ್ತದೆ. ಬೆಂದ ಮೇಲೂ ಆ ನೀರು ಬೇಗ ಆರುವುದಿಲ್ಲ.

ಇನ್ನೊಂದು ನನಗೆ ಬಹಳ ಇಷ್ಟವಾದ ಕೆಲಸ. ಗೋಧಿಯ ಪಿಷ್ಟ ಬರೀ ನೀರಿನಲ್ಲಿ ಸುಮಾರು 60 ಡಿಗ್ರಿಗೇ ಉಬ್ಬಿ ಅಂಟಾಗಲು ತೊಡಗುತ್ತದೆ. ಸಕ್ಕರೆ ತುಂಬಿದ ಹಿಟ್ಟಿನಲ್ಲಿ ಅದೇ ಪಿಷ್ಟ 80 ಡಿಗ್ರಿ ದಾಟುವವರೆಗೂ ತಡೆದುಕೊಂಡಿರುತ್ತದೆ. ಈ ಅವಧಿಯಲ್ಲಿ ಹಿಟ್ಟಿನೊಳಗಿನ ಇಂಗಾಲದ ಡೈಆಕ್ಸೈಡು ಹಿಗ್ಗುತ್ತದೆ, ನೀರು ಆವಿಯಾಗಿ ಗುಳ್ಳೆಗಳನ್ನು ಸೇರುತ್ತದೆ, ಕೇಕು ಏರುತ್ತದೆ. ಅಷ್ಟಾದ ಮೇಲೆ ಗೋಡೆ ಗಟ್ಟಿಯಾಗಬೇಕು. ಸಕ್ಕರೆ ಕಡಿಮೆಯಾದರೆ, ಸ್ಲ್ಯಾಬಿನ ಕಾಂಕ್ರೀಟು ಮೂಲೆಮೂಲೆಗೆ ಹರಡುವ ಮೊದಲೇ ಸಿಮೆಂಟು ಹಿಡಿದುಬಿಟ್ಟ ಹಾಗೆ, ಗುಳ್ಳೆ ಸಣ್ಣದಿರುವಾಗಲೇ ಗೋಡೆ ಬಿಗಿಯುತ್ತದೆ. ಆಮೇಲೆ ಎಷ್ಟು ಸೋಡಾ ಸುರಿದರೂ ಉಪಯೋಗವಿಲ್ಲ. ಹುಳಿ ಸಿಗದ ಸೋಡಾ ಬಿಸಿಗೆ ಒಡೆದು ಸೋಡಿಯಂ ಕಾರ್ಬೊನೇಟ್ ಆಗಿ, ಸಾಬೂನಿನ ರುಚಿ ಕೊಡುತ್ತದೆ.

ಯುರೋಪಿನವರ ಹಳೆಯ ಪೌಂಡ್ ಕೇಕಿಗೆ ಹಿಟ್ಟು, ಬೆಣ್ಣೆ, ಸಕ್ಕರೆ, ಮೊಟ್ಟೆ ನಾಲ್ಕೂ ಸಮತೂಕ. ಬೇಕಿಂಗ್ ಪೌಡರ್ ಬಂದದ್ದು ತಡವಾಗಿ: ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಆಲ್‌ಫ್ರೆಡ್ ಬರ್ಡ್ 1843ರಲ್ಲಿ ಅದನ್ನು ಕಂಡುಹಿಡಿದ, ಹೆಂಡತಿಗೆ ಯೀಸ್ಟು ಒಗ್ಗುತ್ತಿರಲಿಲ್ಲ ಎಂದು. ಕಾರವಾರದ ಪಕ್ಕದ ಗೋವೆಯಲ್ಲಿ ಪೋರ್ಚುಗೀಸರ ರೊಟ್ಟಿಗೆ ಯೀಸ್ಟು ಸಿಗದಿದ್ದಾಗ ತೆಂಗಿನ ಕಳ್ಳಿನಿಂದ ಹಿಟ್ಟು ಹುಳಿಸಿದರು. ಉಬ್ಬಿಸಲು ಇಷ್ಟೆಲ್ಲ ದಾರಿ ಹುಡುಕಿದ ಜನ, ಸಕ್ಕರೆಯ ಪಾಲನ್ನು ಮಾತ್ರ ಹೆಚ್ಚು ಪ್ರಶ್ನಿಸಲಿಲ್ಲ.

ನಮ್ಮ ಕರಾವಳಿಯ ಅಡುಗೆಮನೆಯಲ್ಲಿ ಇದಕ್ಕೆ ಉತ್ತರ ಮೊದಲಿನಿಂದಲೂ ಇದೆ. ಕಾರವಾರ, ಅಂಕೋಲೆಯ ಕೊಂಕಣಿ ಮನೆಗಳಲ್ಲಿ ಅದು ತವಸಳಿ, ಘಟ್ಟದ ಮೇಲೆ ಶಿರಸಿಯ ಕಡೆ ಸೌತೆಕಾಯಿ ಕಡುಬು. ಅಕ್ಕಿ ರವೆ, ಮೊಗೆಕಾಯಿ ಅಥವಾ ಬಲಿತ ಸೌತೆಕಾಯಿ, ತೆಂಗಿನತುರಿ, ಬೆಲ್ಲ, ಏಲಕ್ಕಿ. ಓವನ್ ಇಲ್ಲದ ಕಾಲದಲ್ಲಿ ಪಾತ್ರೆಯ ಕೆಳಗೂ ಮುಚ್ಚಳದ ಮೇಲೂ ಕೆಂಡ ಹರಡಿ ಬೇಯಿಸುತ್ತಿದ್ದರು. ಉಗಿಯಲ್ಲಿ ಬೇಯಿಸುವವರೂ ಇದ್ದಾರೆ.

ಮಾಡುವಾಗ ಗಮನಿಸಿ. ತುರಿದ ಸೌತೆಕಾಯಿಗೆ ಬೆಲ್ಲ ಬೆರೆಸಿ ಹತ್ತು ನಿಮಿಷ ಬಿಟ್ಟರೆ ತುರಿ ಮುದುಡಿ ಪಾತ್ರೆಯ ತಳದಲ್ಲಿ ಕಂದು ನೀರು ನಿಂತಿರುತ್ತದೆ. ಬೆಲ್ಲದ ಸಾಂದ್ರತೆ ಜೀವಕೋಶಗಳ ನೀರನ್ನು ಹೊರಗೆಳೆದಿದೆ. ಸೌತೆಕಾಯಿಯಲ್ಲಿ ನೂರಕ್ಕೆ 95 ಪಾಲು ನೀರೇ, ಹಾಗಾಗಿ ರವೆ ನೆನೆಯಲು ಬೇರೆ ನೀರೇ ಬೇಡ. ಉಳಿದ ನೀರು ನಾರಿನ ಜಾಲದಲ್ಲಿ ಸಿಕ್ಕಿಕೊಂಡಿದ್ದು ಬೇಯುವಾಗ ನಿಧಾನಕ್ಕೆ ಬಿಡುಗಡೆಯಾಗುತ್ತದೆ. ಅಂದರೆ ತೇವ ಕಾಯುವ ಕೆಲಸ ಸೌತೆಕಾಯಿಗೆ ಹೋಯಿತು. ಅಕ್ಕಿಯಲ್ಲಿ ಗ್ಲೂಟೆನ್ ಇಲ್ಲ, ಬಿರುಸಾಗುವ ಭಯವಿಲ್ಲ. ರವೆಯ ಕಾಳು ದಪ್ಪವಾದ್ದರಿಂದ ನೀರೂ ಬಿಸಿಯೂ ಒಳಗೆ ತಡವಾಗಿ ತಲುಪುತ್ತವೆ, ಪಿಷ್ಟ ಅಂಟಾಗುವುದೂ ತಡ. ಇನ್ನು ತವಸಳಿ ಸ್ಪಂಜಿನಷ್ಟು ಉಬ್ಬಲಿ ಎಂದು ಯಾರೂ ಬಯಸುವುದಿಲ್ಲ. ಬೆಲ್ಲಕ್ಕೆ ಉಳಿದದ್ದು ಸಿಹಿ ಕೊಡುವ ಕೆಲಸವೊಂದೇ. ಅದಕ್ಕೇ ಇಲ್ಲಿ ಅರ್ಧ ಕಡಿಮೆ ಮಾಡಿದರೂ ತಿಂಡಿ ಕೆಡುವುದಿಲ್ಲ. ಕಪ್ಪು ಚುಕ್ಕೆ ಬಿದ್ದ ಬಾಳೆಹಣ್ಣು ಒಂದನ್ನು ಕಿವುಚಿ ಹಾಕಿ: ಕಾಯಿಯಲ್ಲಿದ್ದ ಪಿಷ್ಟ ಬಹುಪಾಲು ಸಕ್ಕರೆಯಾಗಿ, ನಾರಿನ ಜೊತೆಯಲ್ಲೇ ಇರುತ್ತದೆ.

ಸೌತೆಕಾಯಿಯ ತುದಿ ಕತ್ತರಿಸಿ ಗರಗರ ಉಜ್ಜಿ ನೊರೆ ಬರಿಸಿದರೆ 'ವಿಷ ಇಳಿಯುತ್ತದೆ' ಎನ್ನುವವರು ಇನ್ನೂ ಇದ್ದಾರೆ. ಕಹಿಗೆ ಕಾರಣ ಕುಕುರ್ಬಿಟಾಸಿನ್ ಎಂಬ ರಾಸಾಯನಿಕ, ತೊಟ್ಟಿನ ಕಡೆ ಹೆಚ್ಚು. ಆ ತುದಿಯನ್ನು ಕತ್ತರಿಸಿ ಎಸೆಯಿರಿ, ಚೂರು ಬಾಯಿಗೆ ಹಾಕಿ ನೋಡಿ. ಆಮೇಲೂ ಕಹಿಯಿದ್ದರೆ ಇಡೀ ಕಾಯಿಯನ್ನೇ ಬಿಡಬೇಕು, ಬೇಯಿಸಿದರೆ ಕಹಿ ಹೋಗುವುದಿಲ್ಲ.

ಇದಕ್ಕಿಂತ ನನ್ನನ್ನು ಚಿಂತೆಗೆ ಹಚ್ಚಿರುವುದು ಬೆಲ್ಲದ ಬಗೆಗಿನ ನಂಬಿಕೆ. "ಸಕ್ಕರೆ ಹಾಕಿದ್ದಿಲ್ಲೆ ಮಾವ, ಬೆಲ್ಲದ್ದು, ಎಂತೂ ಆಗ್ತಿಲ್ಲೆ, ತಿನ್ನಿ" ಎಂದು ಸಕ್ಕರೆ ಕಾಯಿಲೆ ಇರುವ ಹಿರಿಯರ ತಟ್ಟೆಗೆ ಎರಡನೇ ತುಂಡು ಬೀಳುವುದನ್ನು ನಮ್ಮ ಕಡೆಯ ಎಷ್ಟು ಮನೆಗಳಲ್ಲಿ ನೋಡುತ್ತೇವೆ! ನೂರು ಗ್ರಾಂ ಸಕ್ಕರೆಯಲ್ಲಿ ಸುಮಾರು 400 ಕ್ಯಾಲೊರಿ, ಬೆಲ್ಲದಲ್ಲಿ ಸುಮಾರು 380. ಬೆಲ್ಲದಲ್ಲಿ ಕಬ್ಬಿಣಾಂಶ ಇದೆ, ನಿಜ. ಆದರೆ ದಿನಕ್ಕೆ ಬೇಕಾದಷ್ಟು ಕಬ್ಬಿಣ ಸಿಗಬೇಕೆಂದರೆ ತಿನ್ನಬೇಕಾದ ಬೆಲ್ಲವೇ ಕಾಯಿಲೆ ತಂದೀತು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು: ಆಹಾರಕ್ಕೆ ಬೆರೆಸುವ ಸಕ್ಕರೆ ಒಟ್ಟು ಶಕ್ತಿಯ ನೂರಕ್ಕೆ 10 ಪಾಲು ಮೀರಬಾರದು, 5 ಪಾಲಿಗೆ ಇಳಿಸಿದರೆ ಇನ್ನೂ ಒಳ್ಳೆಯದು. ವಯಸ್ಕರಿಗೆ 5 ಪಾಲೆಂದರೆ ದಿನಕ್ಕೆ ಸುಮಾರು 25 ಗ್ರಾಂ. ಜೇನುತುಪ್ಪವೂ ಪಾನಕವೂ ಅದೇ ಲೆಕ್ಕಕ್ಕೆ ಸೇರುತ್ತವೆ.

ಹಾಗಿದ್ದರೂ ಕೇಕಿಗೆ ನಾನು ಜೋನಿ ಬೆಲ್ಲವನ್ನೇ, ಅಂದರೆ ಅಚ್ಚು ಕಟ್ಟದ ನೀರು ಬೆಲ್ಲವನ್ನೇ, ಹೇಳುತ್ತೇನೆ. ಕಾರಣ ಪೋಷಕಾಂಶವಲ್ಲ, ರಸಾಯನಶಾಸ್ತ್ರ. ಆಲೆಮನೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಸುಕ್ರೋಸಿನ (ಮಾಮೂಲಿ ಸಕ್ಕರೆಯ ರಾಸಾಯನಿಕ ಹೆಸರು) ಒಂದಷ್ಟು ಪಾಲು ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ. ಇವು ನಡುವೆ ಸೇರಿಕೊಂಡು ಸುಕ್ರೋಸನ್ನು ಹರಳುಗಟ್ಟಲು ಸಲೀಸಾಗಿ ಬಿಡುವುದಿಲ್ಲ, ಅದಕ್ಕೇ ಬೆಲ್ಲ ಜೋನಿಯಾಗಿಯೇ ಉಳಿಯುತ್ತದೆ. ಡಬ್ಬಿಯ ತಳದಲ್ಲಿ ಮರಳಿನಂತೆ ಕೂರುವುದು ಅಷ್ಟಾದರೂ ಹರಳಾದ ಸುಕ್ರೋಸು. ಕಲಬೆರಕೆ ಎಂದು ಗಾಬರಿಯಾಗಬೇಡಿ. ಫ್ರಕ್ಟೋಸು ಸಕ್ಕರೆಗಿಂತ ಹೆಚ್ಚು ಸಿಹಿ, ನೀರನ್ನೂ ಹೆಚ್ಚು ಹಿಡಿಯುತ್ತದೆ. ಆದರೆ ಈ ಎರಡು ಸಕ್ಕರೆಗಳು ಪ್ರೋಟೀನಿನ ಜೊತೆ ಬೇಗ ಕಂದಾಗುತ್ತವೆ (1912ರಲ್ಲಿ ಫ್ರಾನ್ಸಿನ ಲೂಯಿ ಕಮೀಲ್ ಮೈಯಾರ್ ವಿವರಿಸಿದ ಕ್ರಿಯೆ ಇದು), ಆದ್ದರಿಂದ ಓವನ್ 180ರ ಬದಲು 165 ಡಿಗ್ರಿಯಲ್ಲಿರಲಿ. 120 ಡಿಗ್ರಿ ಮೀರಿದಲ್ಲಿ ಹುಟ್ಟುವ ಅಕ್ರಿಲಮೈಡ್ ಎಂಬ ಅನಪೇಕ್ಷಿತ ವಸ್ತು ಆಹಾರದಲ್ಲಿದೆ ಎಂದು ಸ್ವೀಡನ್ನಿನವರು ತೋರಿಸಿದ್ದು 2002ರಲ್ಲಿ. ಹೊಂಬಣ್ಣ ಸಾಕು, ಕರಿ ಬೇಡ. ಉಗಿಯಲ್ಲಿ ಬೇಯಿಸಿದರೆ ಶಾಖ ನೂರು ಡಿಗ್ರಿ ದಾಟದು, ಈ ಪ್ರಶ್ನೆಯೇ ಇಲ್ಲ. ಆದರೆ ಆ ಪರಿಮಳವೂ ಇಲ್ಲ.

ಬೆಚ್ಚಗಿರುವಾಗಲೇ ಬಡಿಸಿ. ನಾಲಿಗೆಯಲ್ಲಿ ಸಿಹಿಯ ಸಂಕೇತ ಸಾಗಿಸುವ ಪ್ರೋಟೀನು ತಂಪಿಗಿಂತ ಬಿಸಿಗೆ ಚುರುಕು, ಕಡಿಮೆ ಬೆಲ್ಲವೂ ಸಾಕೆನಿಸುತ್ತದೆ.

ಎರಡು ಲೋಟ ರವೆಗೆ 150 ಗ್ರಾಂ ಜೋನಿ ಬೆಲ್ಲ ಹಾಕಿ 12 ತುಂಡು ಮಾಡಿದರೆ, ಜೋನಿಯಲ್ಲಿರುವ ನೀರು ಕಳೆದು, ತುಂಡಿಗೆ ಸುಮಾರು 8 ಗ್ರಾಂ ಸಕ್ಕರೆ. 200 ಗ್ರಾಂ ಸಕ್ಕರೆಯ ಮಾಮೂಲಿ ಕೇಕನ್ನು ಅಷ್ಟೇ ತುಂಡು ಮಾಡಿದರೆ 17 ಗ್ರಾಂ ಸಮೀಪ. ಮಕ್ಕಳಿಗೆ ಸಂಜೆಯ ತಿಂಡಿಗೆ ಒಂದು ತುಂಡು ಧಾರಾಳವಾಗಿ ಕೊಡಬಹುದು. ಸಕ್ಕರೆ ಕಾಯಿಲೆ ಇದ್ದವರು ಬೆಲ್ಲದ ಜೊತೆ ಅಕ್ಕಿ ರವೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು, ಅದರ ಪಿಷ್ಟವೂ ಹೊಟ್ಟೆಯಲ್ಲಿ ಗ್ಲೂಕೋಸೇ ಆಗುತ್ತದೆ. ಅವರಿಗೆ ಅರ್ಧ ತುಂಡು, ಅದೂ ಊಟದ ಕೊನೆಗೆ, ಅಷ್ಟು ಅನ್ನ ಕಡಿಮೆ ಬಡಿಸಿ.