ಕೊಲಾಯ್ಡ್ ಅಂದ್ರೆ ಏನು? ಕೆಂಪು ಚಿನ್ನ, ಹಳದಿ ಬೆಳ್ಳಿ

ಚಿನ್ನದ ಬಣ್ಣ ಯಾವುದು ಅಂತ ಕೇಳಿದರೆ ಕೆಂಪು ಅಂತ ಯಾರೂ ಹೇಳುವುದಿಲ್ಲ. ಆದರೆ ಅದೇ ಚಿನ್ನ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ನೀರಿನಲ್ಲಿ ಹರಡಿಕೊಂಡರೆ ನೀರು ಮಾಣಿಕ್ಯದ ಹಾಗೆ ಕೆಂಪಗಾಗುತ್ತದೆ. ಬೆಳ್ಳಿಯಾದರೆ ಹಳದಿ. ಈ ಸ್ಥಿತಿಗೆ ಕೊಲಾಯ್ಡ್ ಅನ್ನುತ್ತಾರೆ. ಸ್ಥಿತಿ ಅಂದೆ, ವಸ್ತು ಅನ್ನಲಿಲ್ಲ. ಗೊಂದಲ ಶುರುವಾಗುವುದೇ ಅಲ್ಲಿ. "ಮನೆಯಲ್ಲೇ ಕೊಲಾಯ್ಡಲ್ ಸಿಲ್ವರ್ ಮಾಡಿ" ಅನ್ನುವ ವಿಡಿಯೋಗಳನ್ನು ನೀವೂ ನೋಡಿರಬಹುದು. ಎರಡು ಬೆಳ್ಳಿ ತಂತಿ, ಒಂದು ಲೋಟ ನೀರು, ಮೂರು ಬ್ಯಾಟರಿ. ಕೊನೆಗೆ ಬರುವ ನೀರು ಬಹಳ ಸಲ ಕೊಲಾಯ್ಡ್ ಆಗಿರುವುದೇ ಇಲ್ಲ. ಯಾಕೆ ಅಂತ ತಿಳಿಯಬೇಕಾದರೆ ಮೊದಲು ಪದವನ್ನೇ ಸ್ವಲ್ಪ ಬಿಡಿಸಿ ನೋಡಬೇಕು.

1861ರಲ್ಲಿ ಥಾಮಸ್ ಗ್ರಹಾಂ ಅನ್ನುವ ಸ್ಕಾಟ್ಲೆಂಡಿನ ರಸಾಯನ ವಿಜ್ಞಾನಿ ಈ ಹೆಸರಿಟ್ಟ. ಉಪ್ಪು, ಸಕ್ಕರೆ ಕರಗಿದ ನೀರನ್ನು ತೆಳುವಾದ ಪೊರೆಯ ಒಂದು ಬದಿಗೆ ಇಟ್ಟರೆ ಅವು ಸಲೀಸಾಗಿ ಆಚೆ ದಾಟುತ್ತವೆ. ಗೋಂದು, ಜೆಲಾಟಿನ್ ದಾಟುವುದಿಲ್ಲ, ಅಲ್ಲೇ ಉಳಿಯುತ್ತವೆ. ಗ್ರೀಕ್ ಭಾಷೆಯಲ್ಲಿ ಅಂಟಿಗೆ ಕೊಲ್ಲ ಅನ್ನುತ್ತಾರಂತೆ. ಹಾಗಾಗಿ ದಾಟದೆ ಉಳಿದವು ಕೊಲಾಯ್ಡ್, ಅಂಟಿನಂಥವು. ಜಗತ್ತಿನ ವಸ್ತುಗಳಲ್ಲೇ ಇವು ಎರಡು ಜಾತಿ ಅಂತ ಗ್ರಹಾಂ ಅಂದುಕೊಂಡಿದ್ದ. ಅದು ಸರಿಯಲ್ಲ ಅಂತ ಆಮೇಲೆ ಗೊತ್ತಾಯಿತು. ಜಾತಿ ಗೀತಿ ಏನಿಲ್ಲ, ಎಲ್ಲ ಗಾತ್ರದ ಆಟ. ಚಿನ್ನಕ್ಕೂ ಅಂಟಿಗೂ ಏನು ಸಂಬಂಧ ಹೇಳಿ? ಆದರೂ ತಕ್ಕ ಗಾತ್ರಕ್ಕೆ ಬಂದರೆ ಚಿನ್ನವೂ ಕೊಲಾಯ್ಡ್ ಆಗುತ್ತದೆ.

ನಮ್ಮ ಶಾಲೆಯ ಪುಸ್ತಕಗಳಲ್ಲಿ ಇದಕ್ಕೆ ಕಲಿಲ ಅನ್ನುವ ಪದವಿದೆ. ಸಂಸ್ಕೃತದ್ದು. ಕಲಸಿಕೊಂಡದ್ದು, ದಟ್ಟವಾದದ್ದು, ಗೊಂದಲ ಅಂತೆಲ್ಲ ಅರ್ಥ. ಭಗವದ್ಗೀತೆಯ ಎರಡನೇ ಅಧ್ಯಾಯದ 52ನೇ ಶ್ಲೋಕದಲ್ಲಿ ಮೋಹಕಲಿಲ ಅಂತ ಬರುತ್ತದಲ್ಲ, ಅದೇ ಕಲಿಲ. ಪದ ಚೆನ್ನಾಗಿದೆ, ಕೊಲಾಯ್ಡ್ ಜೊತೆ ಉಚ್ಚಾರಣೆಯೂ ಹತ್ತಿರ. ಆದರೆ ನನಗೆ ಒಂದು ತಕರಾರು ಇದೆ. ಕಲಿಲ ಅಂದ ಕೂಡಲೇ ಕಲಕಿದ ನೀರು ಕಣ್ಣಿಗೆ ಬರುತ್ತದೆ. ಚೆನ್ನಾಗಿ ಮಾಡಿದ ಚಿನ್ನದ ಕಲಿಲವನ್ನು ಬೆಳಕಿಗೆ ಹಿಡಿದು ನೋಡಿ, ಆಚೆ ಇಟ್ಟ ಅಕ್ಷರ ಓದುವಷ್ಟು ತಿಳಿಯಾಗಿರುತ್ತದೆ. ಹೆಸರಿಗೆ ಕಲಿಲ, ನೋಡಲು ತಿಳಿ. ಅದಕ್ಕೇ ಇಲ್ಲಿ ನಾನು ಕೊಲಾಯ್ಡ್ ಅಂತಲೇ ಬರೆಯುತ್ತೇನೆ.

ಈಗ ಗಾತ್ರ. ಸಕ್ಕರೆ ನೀರಿನಲ್ಲಿ ಕರಗಿದಾಗ ಒಂದೊಂದು ಅಣುವೂ ಬೇರೆಯಾಗುತ್ತದೆ. ಅದು ದ್ರಾವಣ. ಮಣ್ಣನ್ನು ನೀರಿಗೆ ಹಾಕಿ ಕಲಕಿದರೆ ಸ್ವಲ್ಪ ಹೊತ್ತಿಗೆ ಕೆಳಗೆ ಕೂರುತ್ತದೆ, ಅದರ ಕಣಗಳು ದೊಡ್ಡವು. ಇವೆರಡರ ನಡುವೆ ಒಂದು ಪಟ್ಟಿ ಇದೆ, ಸುಮಾರು 1ರಿಂದ 1000 ನ್ಯಾನೋಮೀಟರ್. ತಲೆಕೂದಲಿನ ದಪ್ಪ ಸುಮಾರು 80,000 ನ್ಯಾನೋಮೀಟರ್ ಅಂದರೆ ಲೆಕ್ಕ ಹಾಕಿ. ಈ ಪಟ್ಟಿಯೊಳಗಿನ ಕಣ ಕರಗಿಯೂ ಇಲ್ಲ, ಮುಳುಗಿಯೂ ಇಲ್ಲ. ಹಾಲು, ಮಂಜು, ಹೊಗೆ, ರಕ್ತ ಎಲ್ಲ ಈ ಗುಂಪಿಗೇ ಸೇರಿದವು.

ಚಿನ್ನ ನೀರಿಗಿಂತ ಹತ್ತೊಂಬತ್ತು ಪಟ್ಟು ಭಾರ. ಹಾಗಿದ್ದೂ ಯಾಕೆ ಮುಳುಗುವುದಿಲ್ಲ? ಕಾರಣ ಎರಡು. ನೀರಿನ ಅಣುಗಳು ಸುಮ್ನೆ ಕೂರುವುದಿಲ್ಲ, ಕಣವನ್ನು ಎಲ್ಲ ಕಡೆಯಿಂದ ಗುದ್ದುತ್ತಲೇ ಇರುತ್ತವೆ, ಕಣ ಅಷ್ಟು ಸಣ್ಣದಿದ್ದರೆ ಆ ಗುದ್ದಾಟವೇ ಅದನ್ನು ಮೇಲೆ ಕೆಳಗೆ ಓಡಾಡಿಸಲು ಸಾಕು. ಎರಡನೆಯದು ವಿದ್ಯುತ್ ಚಾರ್ಜ್. ಕಣಗಳ ಮೈಮೇಲೆಲ್ಲ ಒಂದೇ ತರಹದ ಚಾರ್ಜ್ ಇರುವುದರಿಂದ ಒಂದನ್ನೊಂದು ದೂರ ತಳ್ಳುತ್ತವೆ, ಹತ್ತಿರ ಬಂದು ಗಂಟು ಕಟ್ಟುವುದಿಲ್ಲ. ಈ ಎರಡನೇ ಕಾರಣ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಚಿನ್ನದ ಕೊಲಾಯ್ಡ್ ಹೇಗೆ ಮಾಡುತ್ತಾರೆ? ಹೆಚ್ಚು ಬಳಕೆಯಲ್ಲಿರುವುದು ಸಿಟ್ರೇಟ್ ವಿಧಾನ. 1951ರಲ್ಲಿ ಜಾನ್ ಟರ್ಕೆವಿಚ್ ಮತ್ತು ಜೊತೆಗಾರರು ಇದನ್ನು ಕೂಲಂಕಷವಾಗಿ ನೋಡಿ ಬರೆದರು. ಗೋಲ್ಡ್ ಕ್ಲೋರೈಡ್ ಕರಗಿಸಿದ 20 ಮಿಲಿಲೀಟರ್ ನೀರು ಫ್ಲಾಸ್ಕಿನಲ್ಲಿ ಕುದಿಯುತ್ತಿರುತ್ತದೆ, ತಿಳಿ ಹಳದಿ ಬಣ್ಣ. ಅದರಲ್ಲಿರುವ ಚಿನ್ನ ಸುಮಾರು 4 ಮಿಲಿಗ್ರಾಂ ಅಷ್ಟೇ. ಅದಕ್ಕೆ ಶೇಕಡಾ 1ರ ಸೋಡಿಯಂ ಸಿಟ್ರೇಟ್ ದ್ರಾವಣ 2 ಮಿಲಿಲೀಟರ್ ಸುರಿಯುತ್ತಾರೆ. ಮೊದಲು ಇದ್ದ ಹಳದಿಯೂ ಹೋಗಿ ಬರೀ ನೀರಾಗುತ್ತದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಬೂದು, ಶಾಯಿ ಹನಿ ಬಿದ್ದ ಹಾಗೆ ನೀಲಿಗಪ್ಪು. ಮೊದಲ ಸಲ ಮಾಡುವವರು ಇಲ್ಲೇ ಕೈಚೆಲ್ಲುವುದು, "ಕೆಟ್ಟುಹೋಯ್ತು" ಅಂತ. ನಾನೂ ಹಾಗೇ ಅಂದುಕೊಂಡು ಫ್ಲಾಸ್ಕನ್ನು ಒಲೆಯಿಂದ ಇಳಿಸಲು ಹೋಗಿದ್ದೆ, ಪಕ್ಕದಲ್ಲಿದ್ದ ಗೆಳೆಯ ತಡೆದ. ಅವನು ತಡೆದು ನಿಮಿಷವಾಗಿರಲಿಲ್ಲ, ಕಪ್ಪು ನೇರಳೆಯಾಯಿತು, ನೇರಳೆ ತಿಳಿಯಾಗುತ್ತಾ ಹೋಗಿ ಕೆಂಪಾಯಿತು, ಆಮೇಲೆ ಎಷ್ಟು ಕುದಿಸಿದರೂ ಆ ಕೆಂಪು ಕದಲಲಿಲ್ಲ. ಎರಡನೇ ಸಲ ನಿಜವಾಗಿಯೂ ಕೆಟ್ಟಿತು. ಗಾಜನ್ನು ಸರಿಯಾಗಿ ತೊಳೆದಿರಲಿಲ್ಲ. ನೇರಳೆ ಬಣ್ಣದಲ್ಲೇ ನಿಂತು ಬೆಳಗಾಗುವಷ್ಟರಲ್ಲಿ ತಳದಲ್ಲಿ ಕಪ್ಪು ಪುಡಿ.

ಇಲ್ಲಿ ಸಿಟ್ರೇಟ್ ಎರಡು ಕೆಲಸ ಮಾಡುತ್ತದೆ. ಚಿನ್ನದ ಅಯಾನುಗಳಿಗೆ, ಅಂದರೆ ಚಾರ್ಜ್ ಹೊತ್ತು ನೀರಿನಲ್ಲಿ ಕರಗಿರುವ ಚಿನ್ನಕ್ಕೆ, ಎಲೆಕ್ಟ್ರಾನ್ ಕೊಟ್ಟು ಅವನ್ನು ಲೋಹವಾಗಿಸುತ್ತದೆ. ಆಮೇಲೆ ಹುಟ್ಟಿದ ಕಣಗಳ ಮೈಗೆ ಹತ್ತಿಕೊಂಡು ಮೈನಸ್ ಚಾರ್ಜ್ ಕೊಡುತ್ತದೆ. ಕಣಗಳ ಅಡ್ಡಳತೆ 10ರಿಂದ 20 ನ್ಯಾನೋಮೀಟರ್. ಅಷ್ಟು ಸಣ್ಣದಾದರೆ ಏನಾಗುತ್ತದೆ ಗೊತ್ತಾ? 4 ಮಿಲಿಗ್ರಾಂ ಚಿನ್ನವನ್ನು ಒಂದೇ ಗಟ್ಟಿಯಾಗಿ ಇಟ್ಟರೆ ಸಾಸಿವೆ ಕಾಳಿಗಿಂತ ಚಿಕ್ಕದು. 13 ನ್ಯಾನೋಮೀಟರ್ ಕಣಗಳಾಗಿ ಒಡೆದರೆ ಅವುಗಳ ಹೊರಮೈ ಎಲ್ಲ ಸೇರಿ ಸುಮಾರು ಒಂದೂವರೆ ಎ4 ಹಾಳೆಯಷ್ಟಾಗುತ್ತದೆ. ಕೊಲಾಯ್ಡ್ ಅಂದರೆ ಹೆಚ್ಚು ಕಡಿಮೆ ಬರೀ ಹೊರಮೈ.

ಬಣ್ಣ ಬರುವುದೂ ಆ ಹೊರಮೈಯ ಎಲೆಕ್ಟ್ರಾನುಗಳಿಂದ. ಬೆಳಕು ಬಿದ್ದಾಗ ಅವೆಲ್ಲ ಒಟ್ಟಿಗೆ ಆಚೀಚೆ ತೂಗುತ್ತವೆ. ಚಿನ್ನದ ಕಣದಲ್ಲಿ ಈ ತೂಗಾಟ 520 ನ್ಯಾನೋಮೀಟರ್ ಆಸುಪಾಸಿನ ತರಂಗಾಂತರದ (ಇದು ಕಣದ ಗಾತ್ರವಲ್ಲ, ಬೆಳಕಿನ ಅಲೆಯ ಉದ್ದ) ಹಸಿರು ಬೆಳಕಿಗೆ ತಾಳೆಯಾಗುತ್ತದೆ, ಹಸಿರನ್ನು ಕಣ ನುಂಗುತ್ತದೆ, ಉಳಿದ ಬೆಳಕು ನಮಗೆ ಕೆಂಪಾಗಿ ಕಾಣುತ್ತದೆ. ಬೆಳ್ಳಿ 400ರ ಆಸುಪಾಸಿನ ನೇರಳೆಯನ್ನು ನುಂಗುವುದರಿಂದ ಹಳದಿ. ಕಣಗಳು ಹತ್ತಿರ ಬಂದು ಗುಂಪುಗೂಡಿದರೆ ನುಂಗುವ ಬಣ್ಣವೇ ಬದಲಾಗಿ ಚಿನ್ನ ನೀಲಿಯಾಗುತ್ತದೆ.

ಇದನ್ನು ನೋಡುವುದು ಸುಲಭ. ಕೆಂಪು ಚಿನ್ನದ ನೀರಿಗೆ ಸ್ವಲ್ಪ ಉಪ್ಪುನೀರು ಹಾಕಿ, ಕ್ಷಣದಲ್ಲಿ ನೀಲಿ. ಉಪ್ಪು ಕಣಗಳ ಚಾರ್ಜನ್ನು ಮರೆಮಾಡುತ್ತದೆ, ತಳ್ಳಾಟ ನಿಲ್ಲುತ್ತದೆ, ಕಣಗಳು ಅಂಟಿಕೊಳ್ಳುತ್ತವೆ. ಮೊದಲೇ ಒಂದಿಷ್ಟು ಜೆಲಾಟಿನ್ ಹಾಕಿಟ್ಟಿದ್ದರೆ ಉಪ್ಪಿನ ಆಟ ನಡೆಯುವುದಿಲ್ಲ, ಕೆಂಪು ಕೆಂಪಾಗಿಯೇ ಇರುತ್ತದೆ. ಯಾವ ಪದಾರ್ಥ ಎಷ್ಟು ಹಾಕಿದರೆ ಚಿನ್ನ ಉಳಿಯುತ್ತದೆ ಅಂತ ಅಳೆಯುವ ಪದ್ಧತಿಯನ್ನೇ ರಿಚರ್ಡ್ ಜಿಗ್ಮಂಡಿ ಹುಟ್ಟುಹಾಕಿದ. ಕೊಲಾಯ್ಡ್‌ಗಳ ಕೆಲಸಕ್ಕೆ ಅವನಿಗೆ 1925ರ ರಸಾಯನ ವಿಜ್ಞಾನದ ನೊಬೆಲ್ ಸಿಕ್ಕಿತು.

ಅವನಿಗಿಂತ ಬಹಳ ಮೊದಲು, 1857ರಲ್ಲಿ, ಮೈಕೆಲ್ ಫ್ಯಾರಡೆ ಲಂಡನ್ನಿನಲ್ಲಿ ಫಾಸ್ಫರಸ್ ಬಳಸಿ ಕೆಂಪು ಚಿನ್ನದ ನೀರು ಮಾಡಿದ್ದ. ಅವನು ಮಾಡಿದ ಕೆಲವು ಬಾಟಲಿಗಳು ಅಲ್ಲಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಈಗಲೂ ಇವೆ, ಬಣ್ಣವೂ ಇದೆ. ಬೆಳಕಿನ ಕಿರಣ ಹಾಯಿಸಿದರೆ ಅದರ ದಾರಿ ನೀರೊಳಗೆ ಹೊಳೆಯುವುದನ್ನೂ ಗಮನಿಸಿದ್ದ. ಹೆಸರು ಮಾತ್ರ ಅಲ್ಲೇ ಕೆಲಸ ಮಾಡುತ್ತಿದ್ದ ಜಾನ್ ಟಿಂಡಲ್‌ಗೆ ಹೋಯಿತು, ಟಿಂಡಲ್ ಪರಿಣಾಮ ಅಂತ. ಏನು ಅಂತ ತಿಳಿಯದೆಯೇ ಇಂಥ ಕಣಗಳನ್ನು ಬಳಸಿದವರೂ ಇದ್ದಾರೆ. ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಲೈಕರ್ಗಸ್ ಬಟ್ಟಲು 4ನೇ ಶತಮಾನದ ರೋಮನ್ನರದ್ದು. ಹೊರಗಿನಿಂದ ಬೆಳಕು ಬಿದ್ದರೆ ಹಸಿರು, ಒಳಗೆ ದೀಪವಿಟ್ಟರೆ ಕೆಂಪು. ಗಾಜಿನೊಳಗೆ ಚಿನ್ನ ಬೆಳ್ಳಿಯ ನ್ಯಾನೋ ಕಣಗಳಿವೆ.

ಚಿನ್ನದ ಕೊಲಾಯ್ಡನ್ನು ಮನೆಯಲ್ಲಿ ಮಾಡಬಹುದಾ? ಸಿಟ್ರೇಟ್ ಭಾಗ ಕಷ್ಟವಲ್ಲ. ಗೋಲ್ಡ್ ಕ್ಲೋರೈಡ್ ತೊಂದರೆ ಕೊಡುವುದು. ಅದು ಚರ್ಮ ಸುಡುತ್ತದೆ, ತಾಗಿದಲ್ಲಿ ನೇರಳೆ ಕಲೆ ಉಳಿಸುತ್ತದೆ. ಚಿನ್ನದಿಂದಲೇ ಅದನ್ನು ಮಾಡಿಕೊಳ್ಳುತ್ತೇನೆ ಅಂದರೆ ಆಕ್ವಾ ರೀಜಿಯಾ ಬೇಕು, ಅಂದರೆ ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲಗಳ ಮಿಶ್ರಣ. ಅದರಿಂದ ಏಳುವ ಹೊಗೆ ವಿಷ. ಹೊಗೆ ಹೊರಗೆಳೆಯುವ ವ್ಯವಸ್ಥೆ ಇರುವ ಪ್ರಯೋಗಾಲಯದ ಕೆಲಸ ಅದು, ಅಡುಗೆಮನೆಯದಲ್ಲ. ಬ್ಯಾಟರಿಗೆ ಚಿನ್ನದ ತಂತಿ ಕಟ್ಟಿ ನೀರಿಗಿಳಿಸಿದರೆ ಏನೂ ಆಗುವುದಿಲ್ಲ, ಶುದ್ಧ ನೀರಿನಲ್ಲಿ ಅಷ್ಟು ಕಡಿಮೆ ವೋಲ್ಟೇಜಿಗೆ ಚಿನ್ನ ಜಗ್ಗುವುದಿಲ್ಲ. 1898ರಲ್ಲಿ ಗೇಯಾರ್ಗ್ ಬ್ರೆಡಿಗ್ ನೀರೊಳಗೇ ಎರಡು ತಂತಿಗಳ ನಡುವೆ ಕಿಡಿ ಹಾರಿಸಿ ಲೋಹದ ಕೊಲಾಯ್ಡ್ ಮಾಡಿದ್ದು ನಿಜ. ನೀರು, ಜಾಸ್ತಿ ಕರೆಂಟು, ಕೈ ಮೂರೂ ಒಂದೇ ಕಡೆ ಇರುವ ಆ ಪ್ರಯೋಗ ಮನೆಗೆ ಬೇಡ.

ಬೆಳ್ಳಿ ಬೇರೆ ತರಹ. ಬ್ಯಾಟರಿಗೆ ಬೆಳ್ಳಿ ಬಗ್ಗುತ್ತದೆ. ಪ್ಲಸ್ ಕಡೆಯ ತಂತಿಯಿಂದ ಬೆಳ್ಳಿ ಕಳಚಿ ನೀರಿಗೆ ಬರುತ್ತದೆ, ಮೈನಸ್ ಕಡೆ ಗುಳ್ಳೆ ಏಳುತ್ತದೆ, ಬೂದು ಬಣ್ಣದ ಕೂದಲಿನಂಥ ಎಳೆಗಳು ಬೆಳೆಯುತ್ತವೆ. ಸರಿ, ಆದರೆ ನೀರಿಗೆ ಬಂದ ಬೆಳ್ಳಿ ಲೋಹದ ಕಣವಲ್ಲ, ಬಹುಪಾಲು ಬೆಳ್ಳಿಯ ಅಯಾನು. ಅಯಾನು ಅಂದರೆ ಉಪ್ಪಿನ ಹಾಗೆ ಕರಗಿದ್ದು. ಕರಗಿದ್ದು ದ್ರಾವಣ, ಕೊಲಾಯ್ಡ್ ಅಲ್ಲ.

ಪರಿಚಯದವರೊಬ್ಬರು ಹೀಗೆ ಮಾಡಿದ ಬಾಟಲಿ ತಂದು ತೋರಿಸಿದ್ದರು. ಕುಡಿಯುವ ನೀರಿನಷ್ಟು ಸ್ವಚ್ಛ. "ಎಷ್ಟು ಪ್ಯೂರ್ ನೋಡಿ, 20 ಪಿಪಿಎಂ ಬಂದಿದೆ" ಅಂದರು. ಹತ್ತು ಲಕ್ಷ ಪಾಲಿನಲ್ಲಿ 20 ಪಾಲು ಬೆಳ್ಳಿ ಅಂತ ಅರ್ಥ. ಹೇಗೆ ಅಳೆದಿರಿ ಅಂತ ಕೇಳಿದರೆ ನೀರಿನ ಟಿಡಿಎಸ್ ಮೀಟರ್ ತೆಗೆದರು. ಆ ಮೀಟರ್ ನೋಡುವುದು ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಅನ್ನುವುದನ್ನು, ಅಂದರೆ ಅಯಾನುಗಳನ್ನು. ಲೋಹದ ಕಣಗಳನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮೀಟರ್ ಜಾಸ್ತಿ ತೋರಿಸಿದಷ್ಟೂ ಅದು ಕೊಲಾಯ್ಡ್ ಅಲ್ಲ ಅನ್ನುವುದಕ್ಕೇ ಸಾಕ್ಷಿ! ಸ್ವಲ್ಪ ನೀರನ್ನು ಲೋಟಕ್ಕೆ ಹಾಕಿ ಚಿಟಿಕೆ ಉಪ್ಪು ಉದುರಿಸಿದೆವು. ಉಪ್ಪು ಬಿದ್ದಲ್ಲೆಲ್ಲ ಬಿಳಿ ಎಳೆ ಎಳೆಯಾಗಿ ಇಳಿದು, ಕಲಕಿದ ಮೇಲೆ ಪೂರ್ತಿ ಮಬ್ಬಾಯಿತು. ಅದು ಸಿಲ್ವರ್ ಕ್ಲೋರೈಡ್. ಬೆಳ್ಳಿಯ ಅಯಾನು ಇದ್ದರಷ್ಟೇ ಹಾಗಾಗುವುದು. ನಲ್ಲಿ ನೀರಿನಲ್ಲಿ ಈ ಕೆಲಸ ಮಾಡಿದವರಿಗೆ ಮೊದಲೇ ಆ ಬಿಳಿ ಮಬ್ಬು ಕಾಣಿಸುತ್ತದೆ, ಅದನ್ನೇ ಕೊಲಾಯ್ಡ್ ಅಂದುಕೊಳ್ಳುತ್ತಾರೆ.

ಲೇಸರ್ ಪಾಯಿಂಟರ್ ಪರೀಕ್ಷೆಯನ್ನೂ ಪೂರ್ತಿ ನಂಬಬೇಡಿ. ದಾರಿ ಹೊಳೆದರೆ ಏನೋ ಕಣ ಇದೆ ಅಂತ ಮಾತ್ರ ಅರ್ಥ. ಧೂಳಿದ್ದರೂ ಹೊಳೆಯುತ್ತದೆ. ಬೆಳ್ಳಿಯ ವಿಷಯದಲ್ಲಿ ನಾನು ಮೊದಲು ನೋಡುವುದು ಹಳದಿಯನ್ನು. ಅದೇ ನೀರಿಗೆ ಗ್ಲೂಕೋಸಿನಂಥ, ಎಲೆಕ್ಟ್ರಾನ್ ಕೊಡುವ ಪದಾರ್ಥ ಸೇರಿಸಿ ತುಸು ಕ್ಷಾರವಾಗಿಟ್ಟು ಬಿಸಿ ಮಾಡಿದರೆ ಅಯಾನುಗಳು ಲೋಹವಾಗಿ ಹಳದಿ ಏರುತ್ತದೆ.

ಕುಡಿಯಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಬೇಡ. ಅಯಾನು ಆಗಲಿ, ಕಣ ಆಗಲಿ, ಬೇಡ. ದೇಹಕ್ಕೆ ಬೆಳ್ಳಿಯಿಂದ ಆಗಬೇಕಾದ ಕೆಲಸ ಯಾವುದೂ ಇಲ್ಲ. ತಿಂಗಳುಗಟ್ಟಲೆ ಕುಡಿದರೆ ಅದು ಚರ್ಮದಲ್ಲಿ ಕೂತು, ಬಿಸಿಲು ತಾಗಿದಲ್ಲಿ ಮೈ ನೀಲಿ ಬೂದು ಬಣ್ಣಕ್ಕೆ ತಿರುಗುತ್ತದೆ. ಆರ್ಜೀರಿಯಾ ಅನ್ನುತ್ತಾರೆ. ಒಮ್ಮೆ ಬಂದ ಬಣ್ಣ ತಾನಾಗಿ ಹೋಗುವುದಿಲ್ಲ. 1999ರ ಕೊನೆಗೆ ಕಂಪ್ಯೂಟರುಗಳೆಲ್ಲ ನಿಂತು ಔಷಧ ಸಿಗದೆ ಹೋಗುತ್ತದೆ ಅಂತ ಹೆದರಿ ಮನೆಯಲ್ಲೇ ಬೆಳ್ಳಿ ನೀರು ಮಾಡಿ ಕುಡಿದ ಅಮೆರಿಕದ ರಾಜಕಾರಣಿಯೊಬ್ಬರ ಮುಖ ಹೀಗೇ ನೀಲಿಯಾಯಿತು. ಅದೇ 1999ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ವೈದ್ಯರ ಚೀಟಿಯಿಲ್ಲದೆ ಮಾರುವ ಕೊಲಾಯ್ಡಲ್ ಬೆಳ್ಳಿಯ ಔಷಧಗಳು ಸುರಕ್ಷಿತವೂ ಅಲ್ಲ, ಗುಣಕಾರಿಯೂ ಅಲ್ಲ ಅಂತ ತೀರ್ಮಾನಿಸಿತು. ಸುಟ್ಟ ಗಾಯಕ್ಕೆ ವೈದ್ಯರು ಬೆಳ್ಳಿ ಇರುವ ಮುಲಾಮು ಕೊಡುವುದುಂಟಲ್ಲ ಅಂದರೆ, ಉಂಟು, ಅದು ಮೈಮೇಲೆ ಹಚ್ಚಲು.

ಚಿನ್ನದ ಕೊಲಾಯ್ಡನ್ನು ನೀವು ಆಗಲೇ ಕೈಯಲ್ಲಿ ಹಿಡಿದಿರುವ ಸಾಧ್ಯತೆ ಇದೆ. ಗರ್ಭಧಾರಣೆ ಪರೀಕ್ಷೆಯ ಪಟ್ಟಿ, ಕೋವಿಡ್ ರ‍್ಯಾಪಿಡ್ ಟೆಸ್ಟಿನ ಪಟ್ಟಿ, ಇವುಗಳಲ್ಲಿ ಮೂಡುವ ಕೆಂಪು ಗೆರೆ ಬಹಳಷ್ಟು ಸಲ ಚಿನ್ನದ್ದೇ. ಹುಡುಕುವ ಪ್ರೋಟೀನನ್ನು ಹಿಡಿಯುವ ಪ್ರತಿಕಾಯಗಳನ್ನು ಚಿನ್ನದ ಕಣಗಳಿಗೆ ಅಂಟಿಸಿರುತ್ತಾರೆ. ಕಣಗಳು ದ್ರವದ ಜೊತೆ ಪಟ್ಟಿಯುದ್ದಕ್ಕೂ ಹರಿದು, ಗೆರೆಯ ಜಾಗದಲ್ಲಿ ಸಿಕ್ಕಿಕೊಂಡು ಒತ್ತೊತ್ತಾಗಿ ಸೇರುತ್ತವೆ. ಬೇರೆ ಬಣ್ಣ ಹಾಕುವ ಅಗತ್ಯವೇ ಇಲ್ಲ.

ಮಾಡಿದ ಚಿನ್ನದ ನೀರನ್ನು ಇಟ್ಟುಕೊಳ್ಳಬೇಕಾದರೆ ಶುಚಿಯಾದ ಗಾಜಿನ ಬಾಟಲಿ ಸಾಕು, ತಿಂಗಳುಗಟ್ಟಲೆ ಕೆಂಪಾಗಿರುತ್ತದೆ. ಫ್ರೀಜರಿನಲ್ಲಿ ಮಾತ್ರ ಇಡಬೇಡಿ. ನಾನೊಮ್ಮೆ ಇಟ್ಟಿದ್ದೆ. ನೀರು ಹೆಪ್ಪುಗಟ್ಟುವಾಗ ಕಣಗಳನ್ನೆಲ್ಲ ಒಂದು ಕಡೆ ಒತ್ತರಿಸುತ್ತದೆ, ಅವು ಅಂಟಿಕೊಂಡುಬಿಡುತ್ತವೆ. ಹೊರಗೆ ತೆಗೆದು ಕರಗಿಸಿದಾಗ ಕೆಂಪಿನ ಸುಳಿವಿಲ್ಲ. ಬಣ್ಣವಿಲ್ಲದ ನೀರು, ತಳದಲ್ಲಿ ಕಪ್ಪು ಚೂರುಗಳು. ಎಷ್ಟು ಕುಲುಕಿದರೂ ಮತ್ತೆ ಬೆರೆಯಲಿಲ್ಲ. ಒಂದು ಚೂರು ಚಿನ್ನವೂ ಬಾಟಲಿಯಿಂದ ಆಚೆ ಹೋಗಿರಲಿಲ್ಲ, ಒಂದು ಹನಿ ನೀರೂ ಕಡಿಮೆಯಾಗಿರಲಿಲ್ಲ, ಕೊಲಾಯ್ಡ್ ಮಾತ್ರ ಇರಲಿಲ್ಲ.