ಜಮೀನಿಗಾಗಿ ಮದುವೆ, ಗಾಳಿಗಾಗಿ ವಲಸೆ: ಅಮೆರಿಕದ ಪಶ್ಚಿಮದ ಪ್ರೇಮಕಥೆಗಳ ಹಿಂದಿನ ಕಥೆ

ಅಮೆರಿಕದ ಪಶ್ಚಿಮ ಸೀಮೆಯಲ್ಲಿ ನಡೆಯುವ ಚಾರಿತ್ರಿಕ ಪ್ರೇಮಕಾದಂಬರಿಗಳನ್ನು ಓದುವವರಿಗೆ ಈ ಕಥೆಯ ಪರಿಚಯ ಇದ್ದೇ ಇರುತ್ತದೆ. ಪೂರ್ವದ ಯಾವುದೋ ಊರಿನಲ್ಲಿ ಆಸರೆ ತಪ್ಪಿದ ಹೆಣ್ಣೊಬ್ಬಳು, ಪತ್ರದಲ್ಲಷ್ಟೇ ಪರಿಚಯವಾದ ಗಂಡಸನ್ನು ಮದುವೆಯಾಗಲೆಂದು ರೈಲು ಹತ್ತುತ್ತಾಳೆ. ಅವನಿಗೆ ಜಮೀನಿದೆ, ಮನೆಯಲ್ಲಿ ಒಲೆ ಹಚ್ಚುವವರಿಲ್ಲ. ಪ್ರೀತಿಯ ಮಾತು ಎತ್ತಕೂಡದೆಂಬ ಕರಾರಿನ ಮೇಲೆ ಮದುವೆ ನಡೆಯುತ್ತದೆ, ಆಮೇಲೆ ಇಬ್ಬರಲ್ಲಿ ಒಬ್ಬರ ಕರವಸ್ತ್ರದಲ್ಲಿ ರಕ್ತದ ಕಲೆ ಕಾಣಿಸಿಕೊಳ್ಳುತ್ತದೆ. ಕಣ್ಣೀರು ತರಿಸಲು ಲೇಖಕರು ಹೂಡುವ ಹಳೆಯ ತಂತ್ರವಿದು ಎಂದು ಬದಿಗೆ ಸರಿಸುವುದು ಸುಲಭ. ಆದರೆ ಈ ಕಥೆಯ ಎರಡು ಎಳೆಗಳಲ್ಲಿ ಮೊದಲನೆಯದನ್ನು, ಅಂದರೆ ಅನುಕೂಲಕ್ಕಾಗಿ ಆಗುವ ಮದುವೆಯನ್ನು, ಹೆಚ್ಚಾಗಿ ಹೆಣೆದದ್ದು ಅಮೆರಿಕದ ಭೂಕಾಯ್ದೆಗಳು. ಎರಡನೆಯದಾದ ಕಾಯಿಲೆಯನ್ನು, ಅಂದರೆ ಕ್ಷಯವನ್ನು, ಪಶ್ಚಿಮಕ್ಕೆ ಕಳುಹಿಸಿದ್ದು ಅಂದಿನ ವೈದ್ಯರ ಸಲಹೆ.

ಜಮೀನಿನ ಪ್ರಶ್ನೆ ಏಳುವ ಮೊದಲೇ ಇಂಥ ಮದುವೆಗಳನ್ನು ಮಾಡಿಸಿದ್ದು ಕ್ರೈಸ್ತ ಮಿಷನ್ನುಗಳು. 1830ರ ದಶಕದಲ್ಲಿ ವಾಯವ್ಯದ ಒರೆಗಾನ್ ಸೀಮೆಗೆ ಧರ್ಮಪ್ರಚಾರಕರನ್ನು ಕಳುಹಿಸುತ್ತಿದ್ದ ಅಮೆರಿಕನ್ ಬೋರ್ಡ್ ಎಂಬ ಮಿಷನ್ ಸಂಸ್ಥೆ ಮದುವೆಯಾಗದ ಹೆಣ್ಣುಮಕ್ಕಳನ್ನು ಅಲ್ಲಿಗೆ ಕಳುಹಿಸಲು ಒಪ್ಪುತ್ತಿರಲಿಲ್ಲ, ಒಂಟಿ ಗಂಡಸರ ಬಗೆಗೂ ಅದಕ್ಕೆ ಹಿಂಜರಿಕೆಯಿತ್ತು. ಹೀಗಾಗಿ ಮೇರಿ ರಿಚರ್ಡ್‌ಸನ್ ಎಂಬ ಶಾಲಾ ಶಿಕ್ಷಕಿಗೂ ಎಲ್ಕಾನಾ ವಾಕರ್ ಎಂಬ ಪಾದ್ರಿಗೂ ಬೋರ್ಡಿನ ಮಧ್ಯಸ್ಥಿಕೆಯಲ್ಲೇ ಸಂಬಂಧ ಕುದುರಿತು. 1837ರಲ್ಲಿ ಮೊದಲ ಸಲ ಭೇಟಿಯಾದ ಇಬ್ಬರೂ ಎರಡು ದಿನದೊಳಗೆ ಮಾತು ಕೊಟ್ಟುಕೊಂಡು, 1838ರ ಮಾರ್ಚ್‌ನಲ್ಲಿ ಮದುವೆಯಾಗಿ, ಕೂಡಲೇ ಖಂಡವನ್ನು ದಾಟಲು ಹೊರಟರು. ಮೇರಿಯ ದಿನಚರಿ ಉಳಿದುಬಂದಿದೆ. 1842ರ ಮಾರ್ಚ್ 16ರಂದು ಆಕೆ ಬೆಳಿಗ್ಗೆ ಐದಕ್ಕೆ ಎದ್ದು, ಮನೆಗೆಲಸ ಮುಗಿಸಿ, ಆರು ರೊಟ್ಟಿ ಬೇಯಿಸಿ, ಬಟ್ಟೆಬರೆ ಎತ್ತಿಟ್ಟದ್ದನ್ನು ಬರೆದು, ರಾತ್ರಿ ಒಂಬತ್ತಕ್ಕೆ ಇನ್ನೊಬ್ಬ ಮಗ ಹುಟ್ಟಿದನೆಂದು ಅದೇ ಧಾಟಿಯಲ್ಲಿ ಸೇರಿಸುತ್ತಾಳೆ. ಗೊತ್ತುಮಾಡಿದ ಮದುವೆಗಳ ನಡುವೆ ಬೆಳೆದ ನಮಗೆ ಆ ಎರಡು ದಿನಗಳ ನಿಶ್ಚಯ ಅಷ್ಟೇನೂ ವಿಚಿತ್ರವೆನಿಸದು, ಆದರೆ ಈ ದಿನಚರಿಯ ಧಾಟಿ ಮಾತ್ರ ಯಾರನ್ನೂ ಬೆಚ್ಚಿಸುವಂಥದ್ದು.

ಇದೇ ಮಿಷನ್ನಿನ ಇನ್ನೊಂದು ಜೋಡಿ ಮಾರ್ಕಸ್ ಮತ್ತು ನಾರ್ಸಿಸಾ ವಿಟ್ಮನ್. ಅವರ ಮದುವೆ 1836ರ ಫೆಬ್ರವರಿಯಲ್ಲಿ, ಪಯಣಕ್ಕೆ ಹೊರಡುವ ಹೊತ್ತಿಗೆ ಸರಿಯಾಗಿ ನಡೆಯಿತು. 1847ರಲ್ಲಿ ಹಬ್ಬಿದ ದಡಾರ ಅಲ್ಲಿಯ ಮೂಲನಿವಾಸಿಗಳಾದ ಕಯೂಸ್ ಜನರನ್ನು ದೊಡ್ಡ ಸಂಖ್ಯೆಯಲ್ಲಿ ಬಲಿ ತೆಗೆದುಕೊಂಡಿತು. ವೈದ್ಯನಾಗಿದ್ದ ಮಾರ್ಕಸ್ ಕೈಯಲ್ಲಿ ಬಿಳಿಯರ ಮಕ್ಕಳು ಗುಣವಾಗುತ್ತಿದ್ದು ತಮ್ಮ ಮಕ್ಕಳು ಮಾತ್ರ ಸಾಯುತ್ತಿರುವುದನ್ನು ಕಂಡ ಕಯೂಸರಲ್ಲಿ ವಿಷಪ್ರಾಶನದ ಸಂಶಯ ಬೇರೂರಿತು. ಆ ವರ್ಷದ ನವೆಂಬರ್ ಕೊನೆಯಲ್ಲಿ ದಂಪತಿಯೂ ಇನ್ನೂ ಹಲವರೂ ಕೊಲೆಯಾದರು. ಪಶ್ಚಿಮದ ಕಾಯಿಲೆಯ ಕಥೆಯೆಂದರೆ ಬಿಳಿಯ ನಾಯಕನ ಕೆಮ್ಮು ಎಂದುಕೊಳ್ಳುವ ಕಾದಂಬರಿಗಳು ಹೇಳದೆ ಬಿಡುವ ಭಾಗವಿದು. ಕಾಯಿಲೆಯ ಅತಿ ದೊಡ್ಡ ನೆರಳು ಬಿದ್ದದ್ದು ಅಲ್ಲಿಯ ಮೂಲನಿವಾಸಿಗಳ ಮೇಲೆ.

ಮದುವೆಗೆ ನೇರವಾಗಿ ಎಕರೆಗಳ ಬೆಲೆ ಕಟ್ಟಿದ್ದು 1850ರ ಒರೆಗಾನ್ ಭೂದಾನ ಕಾಯ್ದೆ. ಅಲ್ಲಿ ಆಗಲೇ ನೆಲೆಸಿದ್ದ ಬಿಳಿಯ ಗಂಡಸಿಗೆ ಒಂಟಿಯಾಗಿದ್ದರೆ 320 ಎಕರೆ, ಮದುವೆಯಾಗಿದ್ದರೆ ದಂಪತಿಗೆ 640 ಎಕರೆ. ಅದರಲ್ಲಿ ಅರ್ಧ ಹೆಂಡತಿಯ ಹೆಸರಿಗೇ ಸೇರಬೇಕು. ಒಂಟಿಯಾಗಿದ್ದವನಿಗೆ ಮದುವೆಯಾಗಲು 1851ರ ಡಿಸೆಂಬರ್ 1ರವರೆಗೆ ಗಡುವಿತ್ತು. ಹೆಣ್ಣುಗಳೇ ವಿರಳವಾಗಿದ್ದ ಸೀಮೆಯಲ್ಲಿ ಇದರ ಫಲ ಏನಾಗಬೇಕೋ ಅದೇ ಆಯಿತು: ಹದಿಮೂರು, ಹದಿನಾಲ್ಕರ ಬಾಲೆಯರನ್ನೂ ಅವಸರವಸರವಾಗಿ ಧಾರೆ ಎರೆದುಕೊಟ್ಟರು. ಹೆಂಡತಿಯ ಹೆಸರಿನಲ್ಲಿ ಭೂಮಿ ಬರೆದ ಮೊದಲ ಕೆಲವು ಕಾಯ್ದೆಗಳಲ್ಲಿ ಇದೂ ಒಂದೆಂದು ಹೊಗಳುವವರಿದ್ದಾರೆ, ಅದು ಸುಳ್ಳಲ್ಲ. ಆದರೆ ಹಂಚಿದ ಭೂಮಿಗೆ ಸಂಬಂಧಿಸಿದಂತೆ ಅಲ್ಲಿಯ ಮೂಲನಿವಾಸಿಗಳೊಡನೆ ಒಪ್ಪಂದವೇ ಆಗಿರಲಿಲ್ಲ ಎಂಬುದೂ, ಹಕ್ಕು ಪಡೆದವಳು ಎಷ್ಟೋ ಕಡೆ ಇನ್ನೂ ಮಗುವಾಗಿದ್ದಳು ಎಂಬುದೂ ಅಷ್ಟೇ ನಿಜ.

ಕ್ಯಾಲಿಫೋರ್ನಿಯಾದ ದಾರಿ ಸ್ವಲ್ಪ ಬೇರೆ. ಚಿನ್ನದ ಬೆನ್ನುಹತ್ತಿ ಜನ ನುಗ್ಗಿದ ಮೇಲೆ 1850ರ ಜನಗಣತಿಯಲ್ಲಿ ಅಲ್ಲಿನ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಗಂಡಸರೇ ಆಗಿದ್ದರು. ಅದರ ಹಿಂದಿನ ವರ್ಷ ಮಾಂಟೆರೆಯಲ್ಲಿ ಸಂವಿಧಾನ ರಚನೆಗೆ ಸೇರಿದ ಸಭೆಯಲ್ಲಿ ವಿವಾಹಿತ ಸ್ತ್ರೀಯ ಆಸ್ತಿ ಅವಳದಾಗಿಯೇ ಉಳಿಯಬೇಕೆಂಬ ಕಲಮಿನ ಬಗ್ಗೆ ಚರ್ಚೆ ನಡೆದಾಗ, ಅವಿವಾಹಿತನಾಗಿದ್ದ ಹೆನ್ರಿ ಹ್ಯಾಲೆಕ್ ಎಂಬ ಸದಸ್ಯ ಮುಚ್ಚುಮರೆಯಿಲ್ಲದೆ ಅದನ್ನು ಬೆಂಬಲಿಸಿದ. ಹಣವುಳ್ಳ ಹೆಣ್ಣುಗಳನ್ನು ಕ್ಯಾಲಿಫೋರ್ನಿಯಾಕ್ಕೆ ಸೆಳೆಯಲು ಇದಕ್ಕಿಂತ ಒಳ್ಳೆಯ ಆಮಿಷ ಬೇರೊಂದಿಲ್ಲವೆಂಬುದು ಅವನ ವಾದ. ಕಲಮು ಅಂಗೀಕಾರವಾಯಿತು. ಮುಂದೆ ಸಿಯಾಟಲ್‌ನ ಏಸಾ ಮರ್ಸರ್ 1864ರಲ್ಲಿ ಮ್ಯಾಸಚೂಸೆಟ್ಸ್‌ನಿಂದ ಹನ್ನೊಂದು ಮಂದಿ ಹೆಣ್ಣುಮಕ್ಕಳನ್ನು ಕರೆತಂದ. ನೂರಾರು ಮಂದಿಯನ್ನು ತರುವ ಹವಣಿಕೆಯ ಅವನ ಎರಡನೆಯ ಪ್ರಯತ್ನಕ್ಕೆ ಸಿಕ್ಕವರು ಅದರ ಒಂದು ಸಣ್ಣ ಪಾಲು ಮಾತ್ರ. 1870ರ ದಶಕದ ಹೊತ್ತಿಗೆ ವಧೂವರರ ಜಾಹೀರಾತುಗಳಿಗೆಂದೇ ಪತ್ರಿಕೆಗಳು ಹೊರಡುತ್ತಿದ್ದವು. ಕಾದಂಬರಿಗಳ 'ಅಂಚೆ ವಧು' ಬಂದದ್ದು ಇಲ್ಲಿಂದ.

ಆದರೂ ಈ ಪ್ರಕಾರದ ನಿಜವಾದ ಬುನಾದಿ 1862ರ ಹೋಮ್‌ಸ್ಟೆಡ್ ಕಾಯ್ದೆ. ಇಪ್ಪತ್ತೊಂದು ತುಂಬಿದ ಅಥವಾ ಕುಟುಂಬದ ಯಜಮಾನಿಕೆ ಇರುವ ಯಾರೇ ಆಗಲಿ 160 ಎಕರೆಗೆ ಅರ್ಜಿ ಹಾಕಿ, ಐದು ವರ್ಷ ಅಲ್ಲೇ ವಾಸವಿದ್ದು, ಸಾಗುವಳಿ ಮಾಡಿ ತೋರಿಸಿದರೆ ಭೂಮಿ ಅವರದಾಗುತ್ತಿತ್ತು. ಕುಮಾರಿ, ವಿಧವೆ, ವಿಚ್ಛೇದಿತೆ ಇವರಿಗೆಲ್ಲ ಅವಕಾಶವಿತ್ತು. ಗಂಡನೊಡನೆ ಬಾಳುತ್ತಿದ್ದ ಹೆಂಡತಿಗೆ ಇರಲಿಲ್ಲ. ಅರ್ಜಿದಾರ ಐದು ವರ್ಷ ತುಂಬುವ ಮೊದಲೇ ತೀರಿಕೊಂಡರೆ ಮೊದಲ ಹಕ್ಕು ವಿಧವೆಯದು, ಅವಳಿಲ್ಲದಿದ್ದರೆ ಮಾತ್ರ ಇತರ ವಾರಸುದಾರರದು. ಈ ಒಂದು ನಿಯಮವನ್ನು ಗಮನಿಸಿದರೆ, ಸಾಯುವ ಮುನ್ನ ಅಪರಿಚಿತೆಯ ಕೈಹಿಡಿದು ಜಮೀನನ್ನು ಅವಳಿಗೆ ಉಳಿಸಿಹೋಗುವ ಕ್ಷಯರೋಗಿಯ ಕಥೆ ಕೇವಲ ಭಾವುಕ ಕಲ್ಪನೆಯಲ್ಲವೆಂದು ತಿಳಿಯುತ್ತದೆ. ದೂರದ ಅಣ್ಣತಮ್ಮಂದಿರನ್ನು ಹಿಂದಿಕ್ಕಿ ಭೂಮಿ ಒಬ್ಬ ಹೆಣ್ಣಿಗೆ ದಕ್ಕಬೇಕಾದರೆ ಉಯಿಲಿಗಿಂತ ಮದುವೆಯೇ ಗಟ್ಟಿಯಾದ ದಾಖಲೆಯಾಗಿತ್ತು.

ಕಾಯ್ದೆಯೂ ಸಂಸಾರವೂ ಒಂದರೊಳಗೊಂದು ಹೇಗೆ ಸಿಕ್ಕಿಕೊಳ್ಳುತ್ತಿದ್ದವು ಎಂಬುದಕ್ಕೆ ಎಲಿನೋರ್ ಪ್ರುಯಿಟ್ ಸ್ಟೂವರ್ಟ್ ಅವರ ಬದುಕಿಗಿಂತ ಒಳ್ಳೆಯ ಸಾಕ್ಷಿ ಸಿಗಲಾರದು. ಡೆನ್ವರ್‌ನಲ್ಲಿ ಬಟ್ಟೆ ಒಗೆದು ಹೊಟ್ಟೆ ಹೊರೆಯುತ್ತಿದ್ದ ಆಕೆ ಪುಟ್ಟ ಮಗಳನ್ನು ಕಟ್ಟಿಕೊಂಡು 1909ರಲ್ಲಿ ವಯೋಮಿಂಗ್‌ನ ಬರ್ನ್ಟ್‌ಫೋರ್ಕ್‌ಗೆ, ಕ್ಲೈಡ್ ಸ್ಟೂವರ್ಟ್ ಎಂಬ ರೈತನ ಮನೆಗೆಲಸಕ್ಕೆಂದು ಹೋದರು. ಕೆಲವೇ ವಾರಗಳಲ್ಲಿ ಪಕ್ಕದ ಜಮೀನಿಗೆ ತಮ್ಮ ಹೆಸರಿನಲ್ಲಿ ಅರ್ಜಿ ಹಾಕಿ, ಅದಾದ ಕೆಲವೇ ದಿನಗಳಿಗೆ ಆ ಯಜಮಾನನನ್ನೇ ಮದುವೆಯಾದರು. ಎರಡು ಜಮೀನುಗಳ ಗಡಿ ಅವನ ಮನೆಗೆ ತೀರ ಸಮೀಪದಲ್ಲಿ ಹಾದುಹೋಗಿದ್ದರಿಂದ ಅವರ 'ಪ್ರತ್ಯೇಕ' ಮನೆ ಅವನ ಮನೆಗೆ ಅಂಟಿಕೊಂಡೇ ಎದ್ದಿತು. ಮದುವೆಯ ಅಡಿಗೆಯನ್ನು ತಾವೇ ಮಾಡಿ, ಅವಸರದಲ್ಲಿ ಏಪ್ರನ್ ಬಿಚ್ಚುವುದನ್ನೂ ಮರೆತು ಪಾದ್ರಿಯ ಮುಂದೆ ನಿಂತದ್ದನ್ನು ಹಳೆಯ ಒಡತಿಗೆ ಬರೆದ ಪತ್ರದಲ್ಲಿ ನಗುನಗುತ್ತ ಹೇಳಿದ್ದಾರೆ. ಆದರೆ ಮದುವೆಯ ಸುದ್ದಿಯನ್ನೇ ಬಹಳ ಕಾಲ ಆ ಪತ್ರಗಳಲ್ಲಿ ಮರೆಮಾಚಿದ್ದರು. ಮೊದಲ ಗಂಡುಮಗು ಎಳವೆಯಲ್ಲೇ ತೀರಿಕೊಂಡಾಗ ಕ್ಲೈಡ್ ಪುಟ್ಟ ಶವಪೆಟ್ಟಿಗೆಯನ್ನು ತಾನೇ ಮಾಡಿದ, ಒಳಗೆ ಬಟ್ಟೆಯ ಹಾಸು ಕೂರಿಸಿ ಸಿಂಗರಿಸಿದ್ದು ಎಲಿನೋರ್. 'ಅಟ್ಲಾಂಟಿಕ್' ಮಾಸಪತ್ರಿಕೆಯಲ್ಲಿ ಅಚ್ಚಾದ ಈ ಪತ್ರಗಳನ್ನು ಒಂಟಿ ಹೆಣ್ಣಿನ ಭೂಸಾಹಸವೆಂದು ಓದುಗರು ಮೆಚ್ಚಿಕೊಂಡರು. ವಾಸ್ತವದಲ್ಲಿ 1912ರ ಹೊತ್ತಿಗೇ ಅವರು ಆ ಜಮೀನಿನ ಹಕ್ಕನ್ನು ಬಿಟ್ಟುಕೊಟ್ಟಿದ್ದರು, ಅದು ಅತ್ತೆಯ ಹೆಸರಿಗೆ ಹೋಗಿತ್ತು. ನನಗೇನೋ ಪತ್ರಗಳ ಕಥೆಗಿಂತ ಪತ್ರಗಳು ಮುಚ್ಚಿಟ್ಟ ಕಥೆಯೇ ಹೆಚ್ಚು ಸತ್ವವುಳ್ಳದ್ದಾಗಿ ಕಾಣುತ್ತದೆ: ಅನುಕೂಲಕ್ಕೆಂದು ಆದ ಮದುವೆ ನಿಜವಾದ ದಾಂಪತ್ಯವಾಗಿ ಬೆಳೆಯಿತು, ಆದರೆ ಯಾವ ಭೂಮಿಯ ಆಸೆಗೆ ಹೊರಟಿದ್ದರೋ ಅದು ಅವರ ಹೆಸರಿನಲ್ಲಿ ಉಳಿಯಲಿಲ್ಲ.

ಇನ್ನು ಕಾಯಿಲೆಯ ಎಳೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕ್ಷಯ ಯುರೋಪ್ ಮತ್ತು ಅಮೆರಿಕಗಳಲ್ಲಿ ಸಾವಿನ ಮುಖ್ಯ ಕಾರಣಗಳಲ್ಲಿ ಒಂದಾಗಿತ್ತು, ಏಳು ಸಾವುಗಳಲ್ಲಿ ಒಂದು ಅದರದೆಂಬ ಲೆಕ್ಕ ಪ್ರಚಲಿತವಾಗಿತ್ತು. ಅದು ವಂಶದಿಂದ, ಮೈಯ ಪ್ರಕೃತಿಯಿಂದ ಬರುವ ರೋಗವೆಂದೇ ಅಮೆರಿಕದ ವೈದ್ಯರಲ್ಲಿ ಹೆಚ್ಚಿನವರು ನಂಬಿದ್ದರು. ಆದ್ದರಿಂದ ಮದ್ದಿಗಿಂತ ಹವಾ ಬದಲಾವಣೆಯೇ ಮುಖ್ಯವೆನಿಸಿತ್ತು. 1831ರಲ್ಲಿ ಜೋಸಯಾ ಗ್ರೆಗ್ ಎಂಬ ರೋಗಿಷ್ಠ ತರುಣ ವೈದ್ಯರ ಸಲಹೆಯಂತೆ ಸಾಂತಾ ಫೆ ದಾರಿಯ ವ್ಯಾಪಾರಿಗಳ ತಂಡ ಸೇರಿದ. ಹೊರಟಾಗ ಬಂಡಿಯಲ್ಲಿ ಮಲಗಿದ್ದವನು ಕೆಲವೇ ದಿನಗಳಲ್ಲಿ ಕುದುರೆ ಏರಿದ. ಇಂಥ ಕಥೆಗಳು ಬಾಯಿಂದ ಬಾಯಿಗೆ ಹಬ್ಬಿ, ರೈಲು ಬಂದ ಮೇಲೆ ಪಶ್ಚಿಮದ ಊರೂರುಗಳೇ ತಮ್ಮ ಒಣಹವೆಯನ್ನು ಮಾರತೊಡಗಿದವು.

ಅವುಗಳಲ್ಲಿ ಮುಂದಾಳು 1871ರಲ್ಲಿ ಜನರಲ್ ವಿಲಿಯಂ ಪಾಮರ್ ಸ್ಥಾಪಿಸಿದ ಕೊಲೊರಾಡೊ ಸ್ಪ್ರಿಂಗ್ಸ್. ಸ್ವತಃ ಕ್ಷಯರೋಗಿಯಾಗಿ ಅಲ್ಲಿಗೆ ಬಂದ ಇಂಗ್ಲಿಷ್ ವೈದ್ಯ ಎಡ್ವಿನ್ ಸಾಲಿ ಊರಿನ ಹವೆಗೆ ದೊಡ್ಡ ಪ್ರಚಾರಕನಾದ. ವಿಪರ್ಯಾಸವೆಂದರೆ, ಲೋಕಕ್ಕೆಲ್ಲ ಆರೋಗ್ಯ ಕೊಡುವುದೆಂಬ ಈ ಎತ್ತರದ ಊರು ಸ್ಥಾಪಕನ ಹೆಂಡತಿಗೇ ಒಗ್ಗಲಿಲ್ಲ. ಹೃದ್ರೋಗಿಯಾಗಿದ್ದ ಕ್ವೀನ್ ಪಾಮರ್ ತಗ್ಗಿನ ನಾಡಿಗೆ ಹೋಗಬೇಕಾಗಿ ಬಂದು, ಕೊನೆಗೆ ಇಂಗ್ಲೆಂಡಿನಲ್ಲಿ ನೆಲೆಸಿ 1894ರಲ್ಲಿ ತೀರಿಕೊಂಡರು. ಇದಕ್ಕೆ ವಿರುದ್ಧವಾದ ದಾರಿ ಲೇಖಕಿ ಹೆಲೆನ್ ಹಂಟ್ ಅವರದು. ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಕಳೆದುಕೊಂಡಿದ್ದ ಆಕೆ ಶ್ವಾಸನಾಳದ ತೊಂದರೆಗೆಂದು 1873ರಲ್ಲಿ ಅದೇ ಊರಿಗೆ ಬಂದು, ಅಲ್ಲಿ ಪರಿಚಯವಾದ ಬ್ಯಾಂಕರ್ ವಿಲಿಯಂ ಜಾಕ್ಸನ್ ಅವರನ್ನು 1875ರಲ್ಲಿ ಮದುವೆಯಾದರು. 1885ರಲ್ಲಿ ಹೆಲೆನ್ ತೀರಿಕೊಂಡ ಮೂರು ವರ್ಷಕ್ಕೆ, ಜಾಕ್ಸನ್ ಹೆಲೆನ್‌ರ ಸೋದರಿಯ ಮಗಳ ಕೈಹಿಡಿದರು.

ಸಾಲಿ, ಹಂಟ್ ಅವರಂಥವರು ಅನುಕೂಲಸ್ಥರು. 1873ರಲ್ಲಿ ಜಾರ್ಜಿಯಾದಿಂದ ಡಲಾಸ್‌ಗೆ ಹೊರಟ ತರುಣ ದಂತವೈದ್ಯ ಜಾನ್ ಹಾಲಿಡೇಗೆ ಆ ಸೌಕರ್ಯವಿರಲಿಲ್ಲ. ತಾಯಿ ಕ್ಷಯದಿಂದಲೇ ಸತ್ತಿದ್ದರು. ಕೆಮ್ಮುವ ದಂತವೈದ್ಯನ ಬಳಿ ರೋಗಿಗಳು ಬರದಾದಾಗ ಅವನು ಇಸ್ಪೀಟಿಗೆ ಇಳಿದ, 'ಡಾಕ್ ಹಾಲಿಡೇ' ಎಂದು ಪಿಸ್ತೂಲಿನಿಂದ ಹೆಸರಾದ, ಹವೆಯನ್ನೇ ಅರಸುತ್ತ 1887ರಲ್ಲಿ ಕೊಲೊರಾಡೊದ ಗ್ಲೆನ್‌ವುಡ್ ಸ್ಪ್ರಿಂಗ್ಸ್‌ನಲ್ಲಿ ಮೂವತ್ತಾರನೆಯ ವಯಸ್ಸಿಗೆ ಸತ್ತ. ಅವನ ಸಂಗಾತಿ ಕೇಟ್ ತಾವಿಬ್ಬರೂ ಮದುವೆಯಾಗಿದ್ದೆವೆಂದು ಹೇಳಿಕೊಂಡಿದ್ದಳು, ಅದಕ್ಕೆ ದಾಖಲೆ ಸಿಕ್ಕಿಲ್ಲ. ಕೆಮ್ಮುವ, ಕಟುನಾಲಗೆಯ, ಪ್ರಾಣದ ಹಂಗಿಲ್ಲದ ನಾಯಕರಲ್ಲಿ ಅರ್ಧದಷ್ಟಾದರೂ ಇವನ ಸಂತಾನವೇ.

ಹಾಲಿಡೇ ಇನ್ನೂ ಬದುಕಿದ್ದಾಗಲೇ, 1882ರ ಮಾರ್ಚ್ 24ರಂದು, ಬರ್ಲಿನ್ನಿನಲ್ಲಿ ರಾಬರ್ಟ್ ಕಾಖ್ ಕ್ಷಯದ ರೋಗಾಣುವನ್ನು ತೋರಿಸಿಕೊಟ್ಟಿದ್ದ. ಕಥೆ ತಿರುಗುವುದು ಇಲ್ಲಿ. ಅದುವರೆಗೆ ರೋಗಿಯ ಪಕ್ಕದಲ್ಲಿ ಕೂತು ಹಣೆ ಒರೆಸುವ ಹೆಂಡತಿ ಬರಿಯ ಕರುಣಾಮಯಿಯಾಗಿದ್ದಳು, ಈಗ ಅವಳೇ ಅಪಾಯಕ್ಕೆ ಒಡ್ಡಿಕೊಂಡವಳಾದಳು. ತಿಳಿವಳಿಕೆ ನಿಧಾನವಾಗಿ ಹಬ್ಬಿತು. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ರೋಗಿಗಳನ್ನು ಕೈಬೀಸಿ ಕರೆದಿದ್ದ ಊರುಗಳೇ ಅವರಿಗೆ ಬಾಡಿಗೆಗೆ ಕೋಣೆ ಕೊಡಲು ಹಿಂಜರಿಯತೊಡಗಿದವು, ಕಂಡಕಂಡಲ್ಲಿ ಉಗುಳುವುದಕ್ಕೆ ನಿಷೇಧ ಬಂತು, ಅರಿಜೋನಾದ ಟೂಸಾನ್ ಮತ್ತು ಫೀನಿಕ್ಸ್‌ಗಳ ಹೊರವಲಯದಲ್ಲಿ ಬಡರೋಗಿಗಳ ಗುಡಾರಗಳ ಕೇರಿಗಳೆದ್ದವು. ಡೆನ್ವರ್‌ನಲ್ಲಿ ನ್ಯಾಷನಲ್ ಜ್ಯೂಯಿಷ್ ಆಸ್ಪತ್ರೆಯ ಕಟ್ಟಡ 1893ರಲ್ಲೇ ಎದ್ದಿದ್ದರೂ ಬೆಳ್ಳಿಯ ಬೆಲೆ ಕುಸಿದು ಹಣವಿಲ್ಲದಾಗಿ 1899ರವರೆಗೆ ಬಾಗಿಲು ತೆರೆಯಲಿಲ್ಲ. ತೆರೆದ ಮೇಲೆ, ಹಣ ಕೊಡಬಲ್ಲವರಿಗೆ ಪ್ರವೇಶವಿಲ್ಲ, ಪ್ರವೇಶಿಸಿದವರು ಹಣ ಕೊಡಬೇಕಿಲ್ಲ ಎಂಬುದೇ ಅದರ ಧ್ಯೇಯವಾಕ್ಯವಾಯಿತು.

ಕಡೆಗೆ ಕಾನೂನು ಮದುವೆಯ ಬಾಗಿಲಿಗೂ ಬಂತು. ವಾಷಿಂಗ್ಟನ್ ರಾಜ್ಯ 1909ರಲ್ಲಿ, ಶ್ವಾಸಕೋಶದ ಕ್ಷಯ ಉಲ್ಬಣಿಸಿದವರು ಮದುವೆಯಾಗುವುದನ್ನು ನಿಷೇಧಿಸಿತು. ಅದೇ ಪಟ್ಟಿಯಲ್ಲಿ ಕುಡುಕರನ್ನೂ ಅಪಸ್ಮಾರದವರನ್ನೂ ಬುದ್ಧಿಮಾಂದ್ಯರನ್ನೂ ಸೇರಿಸಿತ್ತು. ಹೆಣ್ಣಿಗೆ ನಲವತ್ತೈದು ದಾಟಿದ್ದರೆ ಮಾತ್ರ ವಿನಾಯಿತಿ. ಸೋಂಕಿನ ಭಯವೊಂದೇ ಕಾರಣವಾಗಿದ್ದರೆ ಈ ವಿನಾಯಿತಿಗೆ ಅರ್ಥವೇ ಇರುತ್ತಿರಲಿಲ್ಲ. ಹುಟ್ಟಬಹುದಾದ ಮಕ್ಕಳ ಮೇಲೆ, ಅಂದರೆ 'ಯೋಗ್ಯರಿಗೆ' ಮಾತ್ರ ಮಕ್ಕಳಾಗಬೇಕೆಂಬ ಅಂದಿನ ಸುಪ್ರಜನನ ವಾದದ ಮೇಲೆ, ಶಾಸಕರ ಕಣ್ಣಿತ್ತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಗುರುತು ಬೇಕಿಲ್ಲ. 1850ರಲ್ಲಿ ಎಕರೆ ಕೊಟ್ಟು ಮದುವೆಗೆ ಹುರಿದುಂಬಿಸಿದ ಅದೇ ವಾಯವ್ಯ ಸೀಮೆಯಲ್ಲಿ ಅರವತ್ತು ವರ್ಷ ತುಂಬುವುದರೊಳಗೆ ಕಾನೂನೇ ಮದುವೆಗೆ ಅಡ್ಡ ನಿಂತಿತು.

ಕ್ಷಯರೋಗಿಗಳನ್ನು ಬೇರೆಯಾಗಿ ಇರಿಸಿ ಉಪಚರಿಸುವ ಆಸ್ಪತ್ರೆಗಳಾದ ಸ್ಯಾನಿಟೋರಿಯಂಗಳ ಕಾಲದಲ್ಲಿ ದಂಪತಿಗಳು ತಿಂಗಳುಗಟ್ಟಲೆ, ವರ್ಷಗಟ್ಟಲೆ ಬೇರೆಯಾಗಿ ಉಳಿಯಬೇಕಾಯಿತು. 1943ರಲ್ಲಿ ಸ್ಟ್ರೆಪ್ಟೋಮೈಸಿನ್, 1952ರಲ್ಲಿ ಐಸೋನಿಯಜಿಡ್ ಎಂಬ ಕ್ಷಯದ ಮದ್ದುಗಳು ಬಂದ ಮೇಲೂ ರೋಗಿಯನ್ನು ಮನೆಯಲ್ಲಿಟ್ಟುಕೊಳ್ಳಬಹುದೇ ಎಂಬ ಅನುಮಾನ ತೀರಿರಲಿಲ್ಲ. ಅದನ್ನು ತೀರಿಸಿದ್ದು ನಮ್ಮ ನೆರೆಯ ಮದ್ರಾಸು. 1956ರಲ್ಲಿ ಅಲ್ಲಿ ಆರಂಭವಾದ ಕ್ಷಯ ಚಿಕಿತ್ಸಾ ಕೇಂದ್ರವು ಬಡ ರೋಗಿಗಳಲ್ಲಿ ಕೆಲವರನ್ನು ಸ್ಯಾನಿಟೋರಿಯಂನಲ್ಲೂ ಉಳಿದವರನ್ನು ಅವರವರ ಇಕ್ಕಟ್ಟಾದ ಮನೆಗಳಲ್ಲೂ ಇರಿಸಿ ಒಂದೇ ಮಾತ್ರೆಗಳನ್ನು ಕೊಟ್ಟು ನೋಡಿತು. ಒಂದು ವರ್ಷದ ಕೊನೆಗೆ ಗುಣವಾದವರ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ, ಮನೆಯಲ್ಲಿದ್ದ ರೋಗಿಗಳ ಕುಟುಂಬದವರಿಗೆ ಹೆಚ್ಚಿನ ಅಪಾಯವೂ ಆಗಲಿಲ್ಲ. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯ ಸಂಸ್ಥೆ ದೇಶದ ಕಾರ್ಯಕ್ರಮವನ್ನು ಮನೆಯಲ್ಲಿದ್ದುಕೊಂಡೇ ಪಡೆಯುವ ಚಿಕಿತ್ಸೆಯ ಮೇಲೆ ರೂಪಿಸಿತು. ಕೊಲೊರಾಡೊದ ಸ್ಯಾನಿಟೋರಿಯಂಗಳೂ ಒಂದೊಂದಾಗಿ ಮುಚ್ಚಿದವು ಅಥವಾ ಬೇರೆ ಕೆಲಸಕ್ಕೆ ತಿರುಗಿದವು. ಇಂದಿನ ಪ್ರೇಮಕಾದಂಬರಿಕಾರರು ಈ ಕಥೆಗೆ ಹೆಚ್ಚಾಗಿ 1860ರಿಂದ 1900ರ ದಶಕದವರೆಗಿನ ಕಾಲವನ್ನೇ ಆರಿಸಿಕೊಳ್ಳುವುದಕ್ಕೂ ಕಾರಣ ಇಲ್ಲಿಯೇ ಇದೆ: ಮದುವೆಯೊಂದು ಜಮೀನನ್ನು ಉಳಿಸಿಕೊಡಬಲ್ಲ ಕಾಯ್ದೆ ಆಗಷ್ಟೇ ಬಂದಿತ್ತು, ಆ ಮದುವೆಗೆ ಮೊದಲು ವೈದ್ಯರನ್ನು ಕೇಳಬೇಕೆಂಬ ಕಾಯ್ದೆ ಇನ್ನೂ ಬಂದಿರಲಿಲ್ಲ.