ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದ ಮೇಲೂ ಗಾಡಿ ಕೈಕೊಡುತ್ತಿದೆಯೇ?

ಪದ್ಮಿನಿ, ಅಂಬಾಸಿಡರ್ ಇಟ್ಟುಕೊಂಡವರು ಗ್ಯಾರೇಜಿಗೆ ಬಂದು ಹೇಳುವ ದೂರು ಬದಲಾಗಿದೆ. ಮೊದಲೆಲ್ಲ "ಪಾಯಿಂಟ್ ಪದೇ ಪದೇ ಸುಡ್ತಿದೆ" ಅನ್ನುತ್ತಿದ್ದರು. ಈಗ "ಪಾಯಿಂಟ್ ತೆಗೆಸಿ ಎಲೆಕ್ಟ್ರಾನಿಕ್ ಕಿಟ್ ಹಾಕಿಸಿದೆ, ಆದ್ರೂ ನಡುದಾರಿಯಲ್ಲಿ ನಿಲ್ಲುತ್ತೆ" ಅನ್ನುತ್ತಾರೆ. ಅದರ ಹಿಂದೆಯೇ "ಮಾಡ್ಯೂಲ್ ಡೂಪ್ಲಿಕೇಟ್ ಇರಬೇಕು, ಬೇರೆ ತರಿಸೋಣ" ಅಂತ ತೀರ್ಪೂ ಬಂದಿರುತ್ತದೆ. ನಾನು ನೋಡಿದ ಹೆಚ್ಚಿನ ಗಾಡಿಗಳಲ್ಲಿ ಮಾಡ್ಯೂಲ್ ಚೆನ್ನಾಗಿಯೇ ಇತ್ತು. ಕೆಟ್ಟಿದ್ದ ಕಡೆಯೂ ಅದನ್ನು ಕೆಡಿಸಿದ್ದು ಸುತ್ತಲಿನ ಹಳೇ ವೈರಿಂಗ್ ಅಥವಾ ಹೊಂದದ ಕಾಯಿಲ್ (ಸ್ಪಾರ್ಕಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಹುಟ್ಟಿಸುವ ಭಾಗ). ಅದಕ್ಕೇ ಹೊಸ ಮಾಡ್ಯೂಲ್‌ಗೆ ದುಡ್ಡು ಕೊಡುವ ಮೊದಲು ಮಲ್ಟಿಮೀಟರ್ ಕೈಗೆತ್ತಿಕೊಳ್ಳಿ.

ಕಿಟ್ ಏನು ಮಾಡುತ್ತದೆ ಅನ್ನುವುದು ಸ್ಪಷ್ಟವಾದರೆ ಅರ್ಧ ಕೆಲಸ ಮುಗಿದಂತೆ. ಪಾಯಿಂಟ್ ಅನ್ನುವುದು ಬರೀ ಒಂದು ಸ್ವಿಚ್ಚು. ಕಾಯಿಲ್‌ಗೆ ಹೋಗುವ ಕರೆಂಟನ್ನು ಅದು ಕಡಿದಾಗಲೆಲ್ಲ ಒಂದು ಸ್ಪಾರ್ಕ್. ನಾಲ್ಕು ಸಿಲಿಂಡರಿನ ಎಂಜಿನ್ 3000 ಆರ್‌ಪಿಎಂನಲ್ಲಿ ಓಡುವಾಗ ಸೆಕೆಂಡಿಗೆ 100 ಸಲ ಹೀಗೆ ಕಡಿಯಬೇಕು. ಕ್ಯಾಮ್‌ಗೆ ತಾಗುವ ಪಾಯಿಂಟಿನ ಹಿಮ್ಮಡಿ ಸವೆದಂತೆ ಗ್ಯಾಪ್ ಕಮ್ಮಿಯಾಗುತ್ತದೆ, ಟೈಮಿಂಗ್, ಅಂದರೆ ಸ್ಪಾರ್ಕ್ ಹೊಡೆಯುವ ಹೊತ್ತು, ಹಿಂದೆ ಬೀಳುತ್ತದೆ. ಕಿಟ್ ಹಾಕಿದಾಗ ಡಿಸ್ಟ್ರಿಬ್ಯೂಟರ್ (ಪ್ರತಿ ಪ್ಲಗ್ಗಿಗೂ ಸ್ಪಾರ್ಕ್ ಹಂಚುವ ಭಾಗ) ಒಳಗೆ ತಿರುಗುವ ರೋಟರ್ ಕೆಳಗೆ ಮ್ಯಾಗ್ನೆಟ್ ಉಂಗುರ ಕೂರುತ್ತದೆ, ಪಾಯಿಂಟ್ ಜಾಗದಲ್ಲಿ ಸೆನ್ಸರ್ ಇರುವ ಮಾಡ್ಯೂಲ್ ಕೂರುತ್ತದೆ. ಬದಲಾಗಿದ್ದು ಅಷ್ಟೇ. ಕಾಯಿಲ್, ಕ್ಯಾಪ್, ರೋಟರ್, ಪ್ಲಗ್ ವೈರು, ಡಿಸ್ಟ್ರಿಬ್ಯೂಟರ್ ಒಳಗಿನ ತೂಕ, ಸ್ಪ್ರಿಂಗು ಎಲ್ಲ ಹಳೇದೇ. ಅಂಬಾಸಿಡರ್ ತಯಾರಿಕೆ ನಿಂತಿದ್ದೇ 2014ರಲ್ಲಿ. ಬ್ರಿಟಿಷ್ ಕಂಪನಿ ಬಿಎಂಸಿಯ 1489 ಸಿಸಿ ಎಂಜಿನ್ ಇರುವ ಗಾಡಿಗಳಂತೂ ಇನ್ನೂ ಹಳೆಯವು. ಆ ವೈರಿಂಗ್‌ಗೆ ಎಷ್ಟು ವಯಸ್ಸಾಗಿರಬಹುದು, ಯೋಚಿಸಿ.

ವೋಲ್ಟೇಜ್ ಒಂದಿಷ್ಟು ಕಮ್ಮಿ ಬಂದರೂ ಪಾಯಿಂಟ್ ಹೇಗೋ ಸುಧಾರಿಸುತ್ತಿತ್ತು. ಮಾಡ್ಯೂಲ್ ಸುಧಾರಿಸುವುದಿಲ್ಲ. ಸೆಲ್ಫ್ ಹೊಡೆಯುವಾಗ ಅದಕ್ಕೆ ಕರೆಂಟ್ ತರುವ ಕೆಂಪು ವೈರಿನಲ್ಲಿ ಎಷ್ಟು ವೋಲ್ಟ್ ಉಳಿಯುತ್ತದೆ ನೋಡಿ. 9 ವೋಲ್ಟ್‌ಗಿಂತ ಕೆಳಗೆ ಹೋದರೆ ತಣ್ಣನೆ ಬೆಳಿಗ್ಗೆ ಗಾಡಿ ಸತಾಯಿಸುವುದು ಸಹಜ. ಎಂಜಿನ್ ಓಡುವಾಗ ಬ್ಯಾಟರಿಯ ಮೇಲೂ ಈ ವೈರಿನ ಮೇಲೂ ಅಳೆದು ಹೋಲಿಸಿ. ಅರ್ಧ ವೋಲ್ಟ್‌ಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಇಗ್ನಿಷನ್ ಸ್ವಿಚ್ ಒಳಗಿನ ಕಾಂಟ್ಯಾಕ್ಟ್ ಸವೆದಿದೆ, ಇಲ್ಲವೇ ಎಲ್ಲೋ ಕನೆಕ್ಟರ್ ಹಸಿರುಗಟ್ಟಿದೆ. ಸ್ವಿಚ್ ಸಿಗದಿದ್ದರೆ ಒಂದು ರಿಲೇ ಹಾಕಿ, ಕಾಯಿಲ್‌ಗೂ ಮಾಡ್ಯೂಲ್‌ಗೂ ಬ್ಯಾಟರಿಯಿಂದ ಫ್ಯೂಸ್ ಮೂಲಕ ನೇರ ಕರೆಂಟ್ ಕೊಡಿ. ನಾನು ಇದನ್ನು ಧಾರಾಳವಾಗಿ ಮಾಡುತ್ತೇನೆ.

ಇನ್ನು ಅರ್ಥಿಂಗ್. ಜನ ಕಡೆಗಣಿಸುವುದು ಇದನ್ನೇ. ಒಂದು ಅಂಬಾಸಿಡರ್ ಬಂದಿತ್ತು. ಐಡ್ಲಿಂಗ್ ಗಡಿಯಾರದ ಹಾಗೆ. ಏರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿದರೂ ಎಳೆಯುತ್ತಿತ್ತು. ಆದರೆ ಸಮತಟ್ಟು ರಸ್ತೆಯಲ್ಲಿ 50-60ರ ವೇಗದಲ್ಲಿ ಹಗುರವಾಗಿ ಕಾಲಿಟ್ಟು ಹೋಗುವಾಗ ಜರ್ಕ್ ಹೊಡೆಯುತ್ತಿತ್ತು. ಅದಾಗಲೇ ಬೇರೆ ಕಡೆ ಕಾರ್ಬ್ಯುರೇಟರ್ ಬಿಚ್ಚಿ ತೊಳೆಸಿದ್ದರು, ಮಾಡ್ಯೂಲೂ ಬದಲಾಗಿತ್ತು.

ಹಗುರ ಕಾಲಿನಲ್ಲಿ ಮಾತ್ರ ಅನ್ನುವುದೇ ಸುಳಿವು. ಎಂಜಿನ್ ಹೀರುವ ಬಲದಿಂದ ಡಿಸ್ಟ್ರಿಬ್ಯೂಟರ್ ಒಳಗಿನ ಪ್ಲೇಟನ್ನು ತಿರುಗಿಸಿ ಸ್ಪಾರ್ಕನ್ನು ಬೇಗ ಹೊಡೆಸುವ ವ್ಯಾಕ್ಯೂಮ್ ಅಡ್ವಾನ್ಸ್ ಪೂರ್ತಿ ಎಳೆಯುವುದು ಆಗಲೇ. ಐಡ್ಲಿಂಗ್‌ನಲ್ಲಿ ಅದು ಸುಮ್ಮನಿರುತ್ತದೆ, ಪೂರ್ತಿ ಒತ್ತಿದಾಗ ಸಡಿಲವಾಗುತ್ತದೆ. ಐಡ್ಲಿಂಗ್‌ನಲ್ಲಿ ಬಿಟ್ಟು, ಕಾರ್ಬ್ಯುರೇಟರ್ ಕಡೆಯಿಂದ ಅದಕ್ಕೆ ಹೋಗುವ ಸಣ್ಣ ಪೈಪ್ ಕಳಚಿ, ಆ ಬಾಯಿಯನ್ನು ಮುಚ್ಚಿ, ಪೈಪಿನ ತುದಿಗೆ ವ್ಯಾಕ್ಯೂಮ್ ಪಂಪ್ ಹಾಕಿ ಎಳೆದೆ. ಎಂಜಿನ್ ತಕ್ಷಣ ಮಿಸ್ ಹೊಡೆಯಿತು. ಬಿಟ್ಟೆ, ಸರಿಹೋಯಿತು. ಕ್ಯಾಪ್ ತೆಗೆದು ನೋಡಿದರೆ, ಒಳಗಿನ ತಿರುಗುವ ಪ್ಲೇಟಿನಿಂದ ಡಿಸ್ಟ್ರಿಬ್ಯೂಟರ್ ಬಾಡಿಗೆ ಹೋಗುವ ಬಟ್ಟೆ ಸುತ್ತಿದ ಪುಟ್ಟ ಅರ್ಥ್ ವೈರು ಹೊರಗೆ ಇಡಿಯಾಗಿ ಕಾಣುತ್ತಿತ್ತು. ಚಿಮುಟದಿಂದ ಮೆಲ್ಲಗೆ ಎಳೆದರೆ ಬಟ್ಟೆ ಮಾತ್ರ ಉದ್ದವಾಯಿತು. ಒಳಗಿನ ತಾಮ್ರದ ಎಳೆಗಳು ಟರ್ಮಿನಲ್ ಹತ್ತಿರ ತುಂಡಾಗಿದ್ದವು. ಪ್ಲೇಟ್ ತಿರುಗಿದಾಗಲೆಲ್ಲ ಮಾಡ್ಯೂಲಿನ ಅರ್ಥ್ ಕಡಿಯುತ್ತಿತ್ತು. ಬೆರಳುದ್ದದ ಮೆತ್ತನೆ ವೈರಿನಿಂದ ಗಾಡಿ ಗುಣವಾಯಿತು. ನೀವು ಅಳೆಯುವುದಾದರೆ, ಎಂಜಿನ್ ಓಡುವಾಗ ಆ ಪ್ಲೇಟಿಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ 0.2 ವೋಲ್ಟ್‌ಗಿಂತ ಜಾಸ್ತಿ ಕಾಣಬಾರದು. ಅಳೆಯುತ್ತಲೇ ವ್ಯಾಕ್ಯೂಮ್ ಪಂಪಿನಿಂದ ಪ್ಲೇಟನ್ನು ಎಳೆದು ನೋಡಿ.

ಕಾಯಿಲ್ ವಿಷಯದಲ್ಲಿ ಒಂದೇ ಸಂಖ್ಯೆ ಮುಖ್ಯ. ವೈರು ಬಿಚ್ಚಿ, ತಣ್ಣಗಿರುವಾಗ, ಎರಡು ಸಣ್ಣ ಟರ್ಮಿನಲ್ ನಡುವೆ ಓಮ್ ಅಳೆಯಿರಿ. ಮೀಟರಿನ ಎರಡು ಕಡ್ಡಿ ಒಂದಕ್ಕೊಂದು ತಾಗಿಸಿದಾಗ ತೋರಿಸುವ ಅಂಕಿಯನ್ನು ಕಳೆಯುವುದು ಮರೆಯಬೇಡಿ. ನಾಲ್ಕು ಸಿಲಿಂಡರ್ ಗಾಡಿಗೆ ಇಂಥ ಸಾದಾ ಕಿಟ್‌ಗಳು ಸಾಮಾನ್ಯವಾಗಿ ಕೇಳುವುದು 3 ಓಮ್. ಮಾರುಕಟ್ಟೆಯಲ್ಲಿ ನೋಡಲು ಹಾಗೇ ಇರುವ 1.5 ಓಮ್ ಕಾಯಿಲ್ ಕೂಡ ಸಿಗುತ್ತದೆ. ಅದಕ್ಕೆ ಕರೆಂಟ್ ತಗ್ಗಿಸುವ ಬ್ಯಾಲಸ್ಟ್ ರೆಸಿಸ್ಟರ್ ಹೊರಗೊಂದು ಬೇಕು. ಅದಿಲ್ಲದೆ ಹಾಕಿದರೆ 14 ವೋಲ್ಟಿನಲ್ಲಿ ಸುಮಾರು 4.7 ಆಂಪಿಯರ್ ಹರಿಯಬೇಕಾದ ಕಡೆ 9 ದಾಟುತ್ತದೆ. ಅರ್ಧ ಗಂಟೆ ಓಡಿದ ಮೇಲೆ ನಿಲ್ಲುವುದು, ತಣ್ಣಗಾದ ಮೇಲೆ ಏನೂ ಆಗಿಲ್ಲದಂತೆ ಸ್ಟಾರ್ಟ್ ಆಗುವುದು ಇದರ ಲಕ್ಷಣ. ಕೊನೆಗೊಂದು ದಿನ ಮಾಡ್ಯೂಲ್ ಪೂರ್ತಿ ಸುಡುತ್ತದೆ. ಎಂಜಿನ್ ನಿಲ್ಲಿಸಿ, ರೇಡಿಯೋ ಕೇಳುತ್ತಾ ಕೀ ಆನ್‌ನಲ್ಲೇ ಬಿಡುವುದೂ ಅಷ್ಟೇ ಅಪಾಯ.

ಬಿಸಿಯಾದಾಗ ನಿಲ್ಲುವ ಪದ್ಮಿನಿಯಲ್ಲಿ ಮಾತ್ರ ಅವಸರದ ತೀರ್ಮಾನ ಬೇಡ. ಪೆಟ್ರೋಲ್ ಆವಿಯಾಗಿ ಲೈನ್ ಕಟ್ಟುವ ವೇಪರ್ ಲಾಕ್ ಆ ಗಾಡಿಯ ಹಳೇ ಕಾಯಿಲೆ. ಫ್ಯುಯೆಲ್ ಪಂಪಿಗೆ ಒದ್ದೆ ಬಟ್ಟೆ ಸುತ್ತಿಕೊಂಡು ಘಾಟಿ ಹತ್ತಿದವರಿಗೆ ಗೊತ್ತು. ಎರಡರ ಲಕ್ಷಣವೂ ಒಂದೇ, ಅದಕ್ಕೇ ಪರೀಕ್ಷೆ ಗಾಡಿ ನಿಂತ ಕ್ಷಣದಲ್ಲೇ ಆಗಬೇಕು. ಟೆಸ್ಟ್ ಲ್ಯಾಂಪಿನ ಒಂದು ತುದಿ ಬ್ಯಾಟರಿ ಪಾಸಿಟಿವ್‌ಗೆ, ಇನ್ನೊಂದು ಕಾಯಿಲಿನ ನೆಗೆಟಿವ್‌ಗೆ ಇಟ್ಟು ಸೆಲ್ಫ್ ಹೊಡೆಸಿ. ದೀಪ ಮಿಣುಕಿದರೆ ಮಾಡ್ಯೂಲ್ ತನ್ನ ಕೆಲಸ ಮಾಡುತ್ತಿದೆ. ಮಿಣುಕದಿದ್ದರೆ ಮೊದಲು ಅದರ ಕರೆಂಟು, ಅರ್ಥಿಂಗ್ ನೋಡಿ, ಎರಡೂ ಸರಿಯಿದ್ದರೆ ಆಮೇಲೆ ಮಾಡ್ಯೂಲನ್ನೇ ಅನುಮಾನಿಸಿ. ಮಿಣುಕುತ್ತಿದ್ದರೆ ಕಾಯಿಲಿನ ದಪ್ಪ ವೈರಿಗೆ ಬೇರೊಂದು ಪ್ಲಗ್ ಸಿಕ್ಕಿಸಿ, ಅದನ್ನು ಎಂಜಿನ್ ಲೋಹಕ್ಕೆ ಕ್ಲಿಪ್ಪಿನಿಂದ ಕಟ್ಟಿ, ಕಾರ್ಬ್ಯುರೇಟರಿನಿಂದ ದೂರದಲ್ಲಿ ಸ್ಪಾರ್ಕ್ ನೋಡಿ. ಕೈಯಲ್ಲಿ ಹಿಡಿಯಬೇಡಿ. ಇಲ್ಲಿ ಸ್ಪಾರ್ಕ್ ಇಲ್ಲದಿದ್ದರೆ ಕಾಯಿಲ್. ಇದ್ದೂ ಸಿಲಿಂಡರಿನ ಪ್ಲಗ್ಗಿಗೆ ತಲುಪದಿದ್ದರೆ ರೋಟರ್ ಅಥವಾ ಕ್ಯಾಪ್. ಅಲ್ಲಿಗೂ ತಲುಪುತ್ತಿದ್ದರೆ ಇಗ್ನಿಷನ್ ಬಿಟ್ಟು ಪೆಟ್ರೋಲ್ ಕಡೆ ಹೋಗಿ.

ಪ್ಲಗ್ ವೈರು ತಾಮ್ರದ ಎಳೆಯದಾಗಿದ್ದರೆ ಬದಲಿಸಿ. ಅದರ ಎಲೆಕ್ಟ್ರಿಕಲ್ ಗಲಾಟೆಗೆ ಸೆನ್ಸರ್ ಗಲಿಬಿಲಿಯಾಗಿ ಮಿಸ್ಸಿಂಗ್ ಬರುತ್ತದೆ. ಕಾರ್ಬನ್ ವೈರು ಹಾಕಿ, ಅಥವಾ ಒಳಗೆ ರೆಸಿಸ್ಟರ್ ಇರುವ ಪ್ಲಗ್ ಹಾಕಿ. ಎನ್‌ಜಿಕೆ ಪ್ಲಗ್ಗುಗಳ ನಂಬರಿನಲ್ಲಿ ಬರುವ ಆರ್ ಅಕ್ಷರ ಅದನ್ನೇ ಹೇಳುತ್ತದೆ. ಬ್ಯಾಟರಿಯ ಪಾಸಿಟಿವ್ ಬಾಡಿಗೆ ಕೂಡಿರುವ ಹಳೇ ಮಾರಿಸ್‌ನಂಥ ಗಾಡಿಗಳಿಗೆ ಬೇರೆಯೇ ಕಿಟ್ ಬೇಕು. ಸಾದಾ ಕಿಟ್ ಹಾಕಿ ಕೀ ತಿರುಗಿಸಿದರೆ ಆ ಕ್ಷಣವೇ ಹೋಯಿತು.

ಕಿಟ್ ಕೂರಿಸಿದ ಮೇಲೆ ಟೈಮಿಂಗ್ ಹಳೇ ಗುರುತಿಗೇ ಬರುತ್ತದೆ ಅಂದುಕೊಳ್ಳಬೇಡಿ. ಸೆನ್ಸರ್ ಕಡಿಯುವ ಜಾಗ ಪಾಯಿಂಟ್ ತೆರೆಯುವ ಜಾಗವಲ್ಲ. ಟೈಮಿಂಗ್ ಲೈಟ್ ಹಾಕಿಸಿಯೇ ಗಾಡಿ ಹೊರಗೆ ತೆಗೆಯಿರಿ. ಬಿಚ್ಚಿದ ಪಾಯಿಂಟ್, ಕಂಡೆನ್ಸರನ್ನು ಎಸೆಯಬೇಡಿ. ಅವುಗಳ ಜೊತೆ ಸ್ಕ್ರೂಗಳು, ಗ್ಯಾಪ್ ಅಳೆಯುವ ಒಂದು ಫೀಲರ್ ಗೇಜ್ ಇಟ್ಟು ಕಟ್ಟಿ ಡಿಕ್ಕಿಯಲ್ಲಿಡಿ. ಕತ್ತಲಲ್ಲಿ ಮಾಡ್ಯೂಲ್ ನಿಜಕ್ಕೂ ಸತ್ತರೆ, ಲ್ಯೂಕಾಸ್ ಡಿಸ್ಟ್ರಿಬ್ಯೂಟರ್ ಆದರೆ 0.35ರಿಂದ 0.40 ಮಿಲಿಮೀಟರ್ ಗ್ಯಾಪ್ ಇಟ್ಟು, ಟೈಮಿಂಗ್ ಅಂದಾಜಿಗೆ ಹೊಂದಿಸಿಕೊಂಡರೆ ನಿಧಾನವಾಗಿ ಮನೆ ಸೇರಬಹುದು.